ಕಡಿಮೆ ಎತ್ತರದ ಹೋಸ್ ಕ್ಲಾಂಪ್ ಮತ್ತು ಅದನ್ನು ಮುಚ್ಚುವ ಇಕ್ಕಳ: ವಿನ್ಯಾಸದ ಕ್ರಮ

ರಬ್ಬರ್ ಹೋಸನ್ನು ಲೋಹದ ಕೊಳವೆಗೆ ಬಿಗಿಯಲು ಹೆಚ್ಚಾಗಿ ಬಳಕೆಯಲ್ಲಿರುವುದು ಸ್ಕ್ರೂ ಇರುವ ಕ್ಲಿಪ್. ಬ್ರಿಟನ್ನಿನ ನೌಕಾಪಡೆಯ ಅಧಿಕಾರಿಯಾಗಿದ್ದ ಲಮ್ಲಿ ರಾಬಿನ್ಸನ್ 1921ರಲ್ಲಿ ಪೇಟೆಂಟ್ ಪಡೆದ ಜುಬಿಲಿ ಕ್ಲಿಪ್ಪಿನ ವಂಶಕ್ಕೆ ಸೇರಿದ ಈ ಸಾಧನ ಅಗ್ಗವೂ ಹೌದು, ಬಿಚ್ಚಿ ಮತ್ತೆ ಹಾಕಲು ಬರುವಂಥದ್ದೂ ಹೌದು. ಆದರೆ ಸ್ಕ್ರೂ ಕುಳಿತಿರುವ ಗೂಡು ಹೋಸಿನ ಮೇಲೆ ಎದ್ದು ನಿಲ್ಲುತ್ತದೆ, ಪಟ್ಟಿಯ ಬಾಲ ಹೊರಕ್ಕೆ ಚಾಚಿಕೊಂಡು ಕೈಗೋ ಪಕ್ಕದ ವೈರಿಗೋ ತಗಲುತ್ತದೆ. ಕಾರಿನ ಡ್ರೈವ್ ಶಾಫ್ಟಿನ ರಬ್ಬರ್ ಬೂಟ್ ಎಂಬ ಹೊದಿಕೆಯಂತೆ ಸದಾ ತಿರುಗುವ ಭಾಗದಲ್ಲಾಗಲಿ, ಎರಡು ಕೊಳವೆಗಳು ಒತ್ತಾಗಿ ಹಾದುಹೋಗುವ ಇಕ್ಕಟ್ಟಿನಲ್ಲಾಗಲಿ ಇಂಥ ಉಬ್ಬಿಗೆ ಜಾಗವಿರುವುದಿಲ್ಲ. ಅಲ್ಲಿ ಬೇಕಾಗುವುದು ಒಂದೇ ಪಟ್ಟಿಯಲ್ಲಿ ಕೊಕ್ಕೆ ಮತ್ತು ಕಿಂಡಿಗಳನ್ನು ಮೂಡಿಸಿ, ಇಕ್ಕಳದಿಂದ ಎಳೆದು ಸಿಕ್ಕಿಸುವ ಕಡಿಮೆ ಎತ್ತರದ ಕ್ಲಾಂಪ್. ಸ್ವಿಟ್ಜರ್‌ಲೆಂಡಿನ ಒಯ್ಟಿಕರ್ ಮೊದಲಾದ ಕಂಪನಿಗಳು ಇವುಗಳನ್ನು ತಯಾರಿಸುತ್ತವೆ. ಇಲ್ಲಿ ಅದೇ ತತ್ವದ ಒಂದು ಕ್ಲಾಂಪನ್ನು ಮೊದಲಿನಿಂದ ಲೆಕ್ಕ ಹಾಕಿ ರೂಪಿಸುವ ಕ್ರಮವನ್ನು ವಿವರಿಸಲಾಗಿದೆ. ಸ್ವಂತ ಬಳಕೆಗೆ ಕೆಲವನ್ನು ಮಾಡಿಕೊಳ್ಳುವುದು ಬೇರೆ ಮಾತು, ಮಾರಾಟಕ್ಕೆ ಇಳಿಯುವವರು ಚಾಲ್ತಿಯಲ್ಲಿರುವ ಪೇಟೆಂಟ್‌ಗಳನ್ನು ಪರಿಶೀಲಿಸಿಕೊಳ್ಳಬೇಕು.

ಆರಂಭದಲ್ಲಿಯೇ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಸ್ಕ್ರೂ ಕ್ಲಿಪ್ಪನ್ನು ಬೇಕಾದಷ್ಟು ಬಿಗಿಯಬಹುದು, ಸಾಲದಿದ್ದರೆ ಇನ್ನೊಂದು ಸುತ್ತು ತಿರುಗಿಸಬಹುದು. ಕೊಕ್ಕೆಯ ಕ್ಲಾಂಪಿಗೆ ಆ ಅವಕಾಶವಿಲ್ಲ, ಏಕೆಂದರೆ ಮುಚ್ಚಿದ ಮೇಲೆ ಅದರ ವ್ಯಾಸ ಎಷ್ಟಿರಬೇಕು ಎಂಬುದು ಪಟ್ಟಿಯನ್ನು ಕತ್ತರಿಸುವ ಹೊತ್ತಿಗೇ ನಿರ್ಧಾರವಾಗಿರುತ್ತದೆ. ಆದ್ದರಿಂದ ಈ ವಿನ್ಯಾಸದ ಅರ್ಧ ಕೆಲಸ ಹೋಸನ್ನು ಸರಿಯಾಗಿ ಅಳೆಯುವುದರಲ್ಲಿಯೇ ಇದೆ.

ಅಳತೆಯಿಂದ ಪಟ್ಟಿಯ ಉದ್ದಕ್ಕೆ

ಉದಾಹರಣೆಗೆ, ಒಳವ್ಯಾಸ 25 ಮಿಮೀ ಮತ್ತು ಗೋಡೆಯ ದಪ್ಪ 4 ಮಿಮೀ ಇರುವ ಶೀತಕದ ಹೋಸನ್ನು, ಹೊರವ್ಯಾಸ 26 ಮಿಮೀ ಇರುವ ಕೊಳವೆಯ ಮೇಲೆ ಏರಿಸಬೇಕಾಗಿದೆ ಎಂದಿಟ್ಟುಕೊಳ್ಳೋಣ. ಏರಿಸುವ ಮುನ್ನ ಹೋಸಿನ ಹೊರವ್ಯಾಸ 33 ಮಿಮೀ. ಏರಿಸಿದ ಮೇಲೆ ಅದು 34 ಆಗುತ್ತದೆ ಎಂದು ಹಲವರು ಎಣಿಸುತ್ತಾರೆ, ಆದರೆ ರಬ್ಬರಿನ ಘನಗಾತ್ರ ಬದಲಾಗುವುದಿಲ್ಲವಾದ್ದರಿಂದ ಹೋಸು ಹಿಗ್ಗಿದಂತೆ ಗೋಡೆ ತುಸು ತೆಳುವಾಗುತ್ತದೆ. 33ರ ವರ್ಗದಿಂದ 25ರ ವರ್ಗವನ್ನು ಕಳೆದರೆ 464 ಬರುತ್ತದೆ. ಅದಕ್ಕೆ 26ರ ವರ್ಗವಾದ 676ನ್ನು ಕೂಡಿಸಿ ವರ್ಗಮೂಲ ತೆಗೆದರೆ 33.76 ಮಿಮೀ. ಇದೇ ನಿಜವಾದ ಹೊರವ್ಯಾಸ. ಗೋಡೆಯ ದಪ್ಪ ಈಗ 3.88 ಮಿಮೀ. ಕೈಯಲ್ಲಿ ವರ್ನಿಯರ್ ಇದ್ದರೆ ಹೋಸನ್ನು ಏರಿಸಿಯೇ ಅಳೆಯುವುದು ಇನ್ನೂ ಉತ್ತಮ, ಏಕೆಂದರೆ ಒಳಗೆ ನೂಲಿನ ಹೆಣಿಗೆಯಿರುವ ಹೋಸುಗಳು ಈ ಲೆಕ್ಕವನ್ನು ಚಾಚೂ ತಪ್ಪದೆ ಪಾಲಿಸುವುದಿಲ್ಲ.

ಗೋಡೆಯನ್ನು ಶೇಕಡ 20ರಷ್ಟು ಅದುಮುವುದನ್ನು ಆರಂಭದ ಅಂದಾಜಾಗಿ ತೆಗೆದುಕೊಳ್ಳಬಹುದು. ಹಾಗೆ ಅದುಮಿದಾಗ 3.88 ಮಿಮೀ ದಪ್ಪ 3.1ಕ್ಕೆ ಇಳಿಯುತ್ತದೆ, ಮುಚ್ಚಿದ ಕ್ಲಾಂಪಿನ ಒಳವ್ಯಾಸ 32.2 ಮಿಮೀ ಆಗುತ್ತದೆ. ಹೋಸಿನ ಹೊರವ್ಯಾಸ ಅರ್ಧ ಮಿಲಿಮೀಟರಿನಷ್ಟು ಹೆಚ್ಚಾದರೆ ಇದೇ ಕ್ಲಾಂಪ್ ಗೋಡೆಯನ್ನು ಶೇಕಡ 25ರಷ್ಟು ಅದುಮುತ್ತದೆ, ಅಷ್ಟೇ ಕಡಿಮೆಯಾದರೆ ಶೇಕಡ 15ರಷ್ಟು. ಎರಡೂ ಸಹಿಸಿಕೊಳ್ಳಬಹುದಾದ ಮಟ್ಟವೇ. ಹೀಗಾಗಿ ವ್ಯಾಸದಲ್ಲಿ ಒಂದೊಂದು ಮಿಲಿಮೀಟರ್ ಅಂತರದ ಅಳತೆಗಳನ್ನು ಮಾಡಿಟ್ಟುಕೊಂಡರೆ ಸಾಕು.

ಪಟ್ಟಿಗೆ 9 ಮಿಮೀ ಅಗಲದ, 0.6 ಮಿಮೀ ದಪ್ಪದ, ಮೆದುಗೊಳಿಸಿದ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ತಕ್ಕದ್ದು. ಪಟ್ಟಿಯ ದಪ್ಪದ ನಡುಗೆರೆಯಲ್ಲಿ ವ್ಯಾಸ 32.8 ಮಿಮೀ, ಸುತ್ತಳತೆ 103.0 ಮಿಮೀ. ಒಂದು ತುದಿ ಇನ್ನೊಂದರ ಮೇಲೆ ಏರುವಲ್ಲಿ ಹೊರ ಪದರ ಸ್ವಲ್ಪ ದೊಡ್ಡ ವೃತ್ತದಲ್ಲಿ ಸಾಗುವುದರಿಂದ ಅದಕ್ಕೆ 0.4 ಮಿಮೀ ಕೂಡಿಸಬೇಕು. ಕೊಕ್ಕೆಯ ಹಿಡಿಯುವ ಮುಖದಿಂದ ಅದು ಸಿಕ್ಕಿಕೊಳ್ಳುವ ಕಿಂಡಿಯ ಅಂಚಿನವರೆಗಿನ ಈ 103.4 ಮಿಮೀ ಅಂತರವೇ ಇಡೀ ನಕ್ಷೆಯ ಮುಖ್ಯ ಅಳತೆ, ಇದರಲ್ಲಿ 0.1 ಮಿಮೀಗಿಂತ ಹೆಚ್ಚು ತಪ್ಪನ್ನು ಬಿಡಬಾರದು. ಹೊರ ತುದಿಯಲ್ಲಿ ಕಿಂಡಿಯ ಆಚೆಗೆ 2.5 ಮಿಮೀ, ಒಳ ತುದಿಯಲ್ಲಿ ಇನ್ನೊಂದು ಕೊಕ್ಕೆಗೂ, ತೆಳುವಾದ ತುದಿಯಾದ ನಾಲಿಗೆಗೂ ಸೇರಿ 15 ಮಿಮೀ ಬಿಟ್ಟರೆ ಪಟ್ಟಿಯ ಒಟ್ಟು ಉದ್ದ ಸುಮಾರು 121 ಮಿಮೀ.

ಎಳೆತ ಮತ್ತು ಘರ್ಷಣೆ

ಸಾಮಾನ್ಯ ಕಾರಿನ ರೇಡಿಯೇಟರಿನ ಮುಚ್ಚಳ ಸುಮಾರು 0.9ರಿಂದ 1.1 ಬಾರ್ ಒತ್ತಡದಲ್ಲಿ ತೆರೆದುಕೊಳ್ಳುತ್ತದೆ, ಅಂದರೆ ಒಳಗಿನ ಒತ್ತಡ ಹೆಚ್ಚೆಂದರೆ 0.11 ಮೆಗಾಪ್ಯಾಸ್ಕಲ್. ಕ್ಲಾಂಪು ರಬ್ಬರನ್ನು ಒತ್ತುವ ಒತ್ತಡ ಇದರ ಹತ್ತು ಪಟ್ಟಿಗೂ ಮಿಗಿಲಾಗಿರಲಿ ಎಂದು 1.5 ಮೆಗಾಪ್ಯಾಸ್ಕಲ್ ಇಟ್ಟುಕೊಳ್ಳೋಣ. ರಬ್ಬರು ಕಾಲಕ್ರಮೇಣ ಸಡಿಲಗೊಂಡು ಈ ಒತ್ತಡದ ಗಣನೀಯ ಭಾಗವನ್ನು ಕಳೆದುಕೊಳ್ಳುವುದರಿಂದ ಇಷ್ಟು ಧಾರಾಳ ಅಗತ್ಯ. ಪಟ್ಟಿಯ ಎಳೆತ ಎಂದರೆ ಒತ್ತಡ, ತ್ರಿಜ್ಯ, ಅಗಲ ಈ ಮೂರರ ಗುಣಲಬ್ಧ: 1.5 × 16.1 × 9, ಸುಮಾರು 217 ನ್ಯೂಟನ್.

ಇಷ್ಟಕ್ಕೇ ನಿಂತರೆ ಲೆಕ್ಕ ಮೋಸ ಮಾಡುತ್ತದೆ. ಇಕ್ಕಳ ಎಳೆಯುವುದು ಕೊಕ್ಕೆಯ ಬಳಿ, ಆದರೆ ಎಳೆತ ಹೋಸಿನ ಹಿಂಬದಿಯನ್ನು ತಲುಪಬೇಕಾದರೆ ಪಟ್ಟಿ ರಬ್ಬರಿನ ಮೇಲೆ ಅರ್ಧ ಸುತ್ತು ಜಾರಬೇಕು. ಕಂಬಕ್ಕೆ ಸುತ್ತಿದ ಹಗ್ಗದ ಹಾಗೆ, ಸುತ್ತಿನುದ್ದಕ್ಕೂ ಘರ್ಷಣೆ ಎಳೆತವನ್ನು ತಿನ್ನುತ್ತಾ ಹೋಗುತ್ತದೆ. ಘರ್ಷಣಾಂಕ 0.5 ಇರುವ ಒಣ ರಬ್ಬರಿನ ಮೇಲೆ ಅರ್ಧ ಸುತ್ತಿಗೆ ಈ ನಷ್ಟ 4.8 ಪಟ್ಟು: ಹಿಂಬದಿಯಲ್ಲಿ 217 ನ್ಯೂಟನ್ ಉಳಿಯಬೇಕಾದರೆ ಕೊಕ್ಕೆಯ ಬಳಿ 1044 ನ್ಯೂಟನ್ ಎಳೆಯಬೇಕು. ಸೋಪುನೀರು ಸವರಿ ಘರ್ಷಣಾಂಕವನ್ನು 0.2ಕ್ಕೆ ಇಳಿಸಿದರೆ ನಷ್ಟ 1.87 ಪಟ್ಟಿಗೆ ಇಳಿದು, 407 ನ್ಯೂಟನ್ ಸಾಕಾಗುತ್ತದೆ.

ಈ ವ್ಯತ್ಯಾಸ ಸಣ್ಣದಲ್ಲ. 9 ಮಿಮೀ ಅಗಲದಲ್ಲಿ 4 ಮಿಮೀ ಅಗಲದ ಕಿಂಡಿ ತೆಗೆದರೆ ಉಳಿಯುವ ಉಕ್ಕು 5 × 0.6, ಅಂದರೆ 3 ಚದರ ಮಿಮೀ. 407 ನ್ಯೂಟನ್ ಎಳೆತಕ್ಕೆ ಅಲ್ಲಿ 136 ಮೆಗಾಪ್ಯಾಸ್ಕಲ್ ಬೀಳುತ್ತದೆ, 1044ಕ್ಕೆ 348. ಮೆದುಗೊಳಿಸಿದ 304 ಉಕ್ಕು ಶಾಶ್ವತವಾಗಿ ಹಿಗ್ಗತೊಡಗುವ ಕನಿಷ್ಠ ಮಿತಿ 205 ಮೆಗಾಪ್ಯಾಸ್ಕಲ್. ಒಣ ರಬ್ಬರಿನ ಮೇಲೆ ಮುಚ್ಚಿದ ಕ್ಲಾಂಪು ಕೊಕ್ಕೆಯ ಬಳಿ ಹಿಗ್ಗಿ, ಹಿಂಬದಿಯಲ್ಲಿ ಸಡಿಲವಾಗಿಯೇ ಉಳಿದು, ಸರಿಯಾಗಿ ಕೊಕ್ಕೆಯ ಎದುರು ಬದಿಯಲ್ಲಿ ಸೋರುತ್ತದೆ. ಇದನ್ನು ಕಂಡವರು ಪಟ್ಟಿಯನ್ನು ದಪ್ಪ ಮಾಡಲು ಹೊರಡುವುದುಂಟು, ಬೇಕಾಗಿರುವುದು ಸೋಪುನೀರು. ಎಣ್ಣೆಯನ್ನು ಮಾತ್ರ ಬಳಸಬಾರದು, ಏಕೆಂದರೆ ಶೀತಕದ ಹೋಸಿನಲ್ಲಿರುವ ಇಪಿಡಿಎಂ ರಬ್ಬರು ಖನಿಜ ತೈಲಕ್ಕೆ ಉಬ್ಬಿ ಕೆಡುತ್ತದೆ.

ಕೊಕ್ಕೆ, ಕಿಂಡಿ ಮತ್ತು ನಾಲಿಗೆ

ಕೊಕ್ಕೆ ಮಾಡಲು ಮೊದಲು ಹೊಳೆಯುವ ಉಪಾಯವೆಂದರೆ ಪಟ್ಟಿಯನ್ನು ಮೂರು ಕಡೆ ಕತ್ತರಿಸಿ ಚೂರನ್ನು ಮೇಲಕ್ಕೆ ಬಗ್ಗಿಸುವುದು. ಅದು ನಿಲ್ಲುವುದಿಲ್ಲ. 407 ನ್ಯೂಟನ್ನನ್ನು ಎರಡು ಕೊಕ್ಕೆಗಳು ಸಮನಾಗಿ ಹಂಚಿಕೊಂಡರೂ, 3.5 ಮಿಮೀ ಅಗಲದ ಚೂರಿನ ಬುಡದಲ್ಲಿ ಬಾಗುವಿಕೆಯಿಂದ ಸುಮಾರು 290 ಮೆಗಾಪ್ಯಾಸ್ಕಲ್ ಉಂಟಾಗುತ್ತದೆ, ಚೂರು ನೆಟ್ಟಗಾಗಿ ಬಿಡುತ್ತದೆ. ಎರಡೂ ಒಟ್ಟಿಗೆ ಹಿಡಿಯುತ್ತವೆ ಎಂಬ ಭರವಸೆಯೂ ಇಲ್ಲ. ಇದಕ್ಕೆ ಬದಲಾಗಿ ಒಂದೇ ಕಡೆ ಸೀಳಿ, ಉಳಿದ ಮೂರು ಕಡೆ ಪಟ್ಟಿಗೆ ಅಂಟಿಕೊಂಡಿರುವಂತೆ ಉಕ್ಕನ್ನು ಮೇಲಕ್ಕೆ ಉಬ್ಬಿಸಬೇಕು. ಅಲಮಾರಿನ ಬಾಗಿಲಲ್ಲಿ ಗಾಳಿಗೆಂದು ಒತ್ತಿರುವ ಸೀಳುಗಳ ರಚನೆಯೇ ಇದು. ಬದಿಯ ಗೋಡೆಗಳು ಭಾರವನ್ನು ಹೊರುವುದರಿಂದ ಉಬ್ಬು ಬಾಗುವುದಿಲ್ಲ. ಸೀಳಿದ ಮುಖ ಒಳ ಪದರದ ತುದಿಗೆ ಬೆನ್ನು ಮಾಡಿರಬೇಕು. ತುದಿಯ ಕಡೆಯ ಇಳಿಜಾರಿನ ಮೇಲೆ ಹೊರ ಪದರ ಏರಿ ಬಂದು, ಸೀಳುಮುಖ ದಾಟಿದೊಡನೆ ಕಿಂಡಿಯೊಳಗೆ ಬೀಳುತ್ತದೆ. ಆ ಮುಖ 5 ಡಿಗ್ರಿಯಷ್ಟು ಮುಂದಕ್ಕೆ ವಾಲಿದ್ದರೆ ಎಳೆತ ಹೆಚ್ಚಿದಷ್ಟೂ ಹಿಡಿತ ಭದ್ರವಾಗುತ್ತದೆ. ಕೊಕ್ಕೆಯ ಎತ್ತರ 0.8 ಮಿಮೀ ಇದ್ದರೆ ಹೊರ ಪದರಕ್ಕಿಂತ 0.2 ಮಿಮೀ ಮಾತ್ರ ಮೇಲೆ ಕಾಣುತ್ತದೆ.

ಕೊಕ್ಕೆಗಳ ನಡುವಣ ಅಂತರ 5 ಮಿಮೀ, ಕಿಂಡಿಗಳ ನಡುವಣ ಅಂತರವೂ ಅಷ್ಟೇ. ವರ್ನಿಯರಿನಂತೆ ಅಂತರಗಳನ್ನು ಬೇರೆಬೇರೆ ಇಟ್ಟರೆ ಒಂದೇ ಕ್ಲಾಂಪಿಗೆ ಹಲವು ವ್ಯಾಸಗಳು ಸಿಗುತ್ತವಲ್ಲ ಎಂಬ ಆಸೆ ಸಹಜ. ಆದರೆ ಕಿಂಡಿ ಸಿಗದ ಕೊಕ್ಕೆ ಪಟ್ಟಿಯ ಅಡಿಯಲ್ಲಿ ಕುಳಿತು, ಸಿಕ್ಕಿಕೊಂಡ ಕೊಕ್ಕೆಯಿಂದಲೂ ಪಟ್ಟಿಯನ್ನು ಮೇಲಕ್ಕೆತ್ತುತ್ತದೆ. ಜಾಣತನಕ್ಕಿಂತ ಸಮಾನ ಅಂತರವೇ ಇಲ್ಲಿ ಲೇಸು, ಮತ್ತು ಅದರಿಂದ ಒಂದು ಲಾಭವೂ ಇದೆ: ಹೊರ ತುದಿಯ ಮೊದಲ ಕಿಂಡಿಯನ್ನು, ಒಳ ತುದಿಗೆ ಹತ್ತಿರದ ಮೊದಲ ಕೊಕ್ಕೆಗೆ ಸಿಕ್ಕಿಸಿದಾಗ ಒಳವ್ಯಾಸ 33.8 ಮಿಮೀ ಇರುತ್ತದೆ. ಹೋಸಿನ ಮೇಲೆ ಕ್ಲಾಂಪು ಜಾರದೆ ತನ್ನಷ್ಟಕ್ಕೆ ನಿಲ್ಲುವುದರಿಂದ ಎರಡೂ ಕೈಗಳು ಇಕ್ಕಳಕ್ಕೆ ಬಿಡುವಾಗುತ್ತವೆ.

ಇಕ್ಕಳದ ಹಿಡಿತಕ್ಕೆ ಇನ್ನೆರಡು ಉಬ್ಬುಗಳು ಬೇಕು, ಹೊರ ಪದರದಲ್ಲಿ ಕಿಂಡಿಗಳ ಹಿಂದೆ ಒಂದು, ಒಳ ಪದರದಲ್ಲಿ ಕೊಕ್ಕೆಗಳ ಮುಂದೆ ಒಂದು. ಇವುಗಳ ಸೀಳುಮುಖಗಳು ಪರಸ್ಪರ ವಿರುದ್ಧ ದಿಕ್ಕಿಗೆ, ಹೊರಮುಖವಾಗಿರಬೇಕು. 1 ಮಿಮೀ ಎತ್ತರದ ಈ ಉಬ್ಬನ್ನು ಸೇರಿಸಿದರೂ ಕ್ಲಾಂಪಿನ ಅತಿ ಎತ್ತರದ ಜಾಗ ಹೋಸಿನಿಂದ 2.2 ಮಿಮೀ ಮಾತ್ರ. ಉಬ್ಬಿನ ಅಡಿಯ ಪೊಳ್ಳು ಭಾಗ ರಬ್ಬರನ್ನು ಒತ್ತುವುದಿಲ್ಲ. ಅದಕ್ಕಾಗಿಯೇ ಎರಡೂ ಬದಿಗೆ ಅಖಂಡ ಪಟ್ಟಿ ಉಳಿಯುವಂತೆ 9 ಮಿಮೀ ಅಗಲವನ್ನು ಆರಿಸಿಕೊಂಡದ್ದು. ಒಳ ತುದಿ ಇದ್ದಕ್ಕಿದ್ದಂತೆ ಮುಗಿದರೆ ಅಲ್ಲಿ 0.6 ಮಿಮೀ ಮೆಟ್ಟಿಲಾಗಿ ಸೋರುವ ದಾರಿಯಾಗುತ್ತದೆ. ಕೊನೆಯ 8 ಮಿಮೀಯನ್ನು ಇಳಿಜಾರಾಗಿ ಉಜ್ಜಿ, ತೆಳುವಾದ ನಾಲಿಗೆ ಮಾಡಬೇಕು.

ತಯಾರಿಕೆ ಚಿಕ್ಕ ವರ್ಕ್‌ಶಾಪಿನ ಕೆಲಸವೇ. ಹೊರರೇಖೆ ಮತ್ತು ಕಿಂಡಿಗಳನ್ನು ಲೇಸರ್ ಕಟಿಂಗ್ ಮಾಡಿಸಬಹುದು. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಇದು ದಿನನಿತ್ಯದ ಕೆಲಸ. ಉಕ್ಕಿನ ಹಾಳೆಯನ್ನು ಉರುಳಿಸಿದ ದಿಕ್ಕು ಪಟ್ಟಿಯ ಉದ್ದಕ್ಕೆ ಇರಲಿ. ಉಬ್ಬುಗಳಿಗೆ ಓಎಚ್‌ಎನ್‌ಎಸ್ ಎಂಬ, ಎಣ್ಣೆಯಲ್ಲಿ ಅದ್ದಿ ಗಡುಸುಗೊಳಿಸುವ ಉಪಕರಣದ ಉಕ್ಕಿನ ಪಂಚು ಮತ್ತು ಡೈ ಮಾಡಿ, ಕೈಯಿಂದ ತಿರುಗಿಸುವ ಫ್ಲೈ ಪ್ರೆಸ್ಸಿನಲ್ಲಿ ಒತ್ತಬೇಕು. ಸೀಳುವ ಬದಿಯಲ್ಲಿ ಪಂಚಿಗೂ ಡೈಗೂ 0.03ರಿಂದ 0.05 ಮಿಮೀ ಸಂದು ಸಾಕು. ಅಂಚುಗಳನ್ನು ಅರದಿಂದ ಉಜ್ಜಿ ದುಂಡಗೆ ಮಾಡದಿದ್ದರೆ ಕ್ಲಾಂಪೇ ಹೋಸನ್ನು ಕೊಯ್ಯುತ್ತದೆ. ಆಮೇಲೆ ಪಟ್ಟಿಯನ್ನು ಸುತ್ತಬೇಕು; ಉಕ್ಕು ಚಿಮ್ಮಿ ಬಿಚ್ಚಿಕೊಳ್ಳುವುದರಿಂದ 33.8 ಮಿಮೀ ವ್ಯಾಸ ಬರಲು 29ರಿಂದ 30 ಮಿಮೀ ದುಂಡುಸರಳಿಗೆ ಸುತ್ತಬೇಕಾಗುತ್ತದೆ.

ಇಕ್ಕಳ

ಮುಚ್ಚಿದಾಗ ಎರಡು ಎಳೆಯುವ ಉಬ್ಬುಗಳ ಮುಖಗಳ ನಡುವೆ 21 ಮಿಮೀ, ಮೊದಲ ಕೊಕ್ಕೆಯಲ್ಲಿ ನಿಂತಾಗ 26 ಮಿಮೀ ಅಂತರವಿರುತ್ತದೆ. ಕಿಂಡಿ ಕೊಕ್ಕೆಯನ್ನು ದಾಟಿ ಬೀಳಲು ಗುರಿಗಿಂತ 0.7 ಮಿಮೀ ಹೆಚ್ಚು ಎಳೆಯಬೇಕು, ಅಂದರೆ ಇಕ್ಕಳ 20.3ರವರೆಗೆ ಮುಚ್ಚಬೇಕು. ಅಲ್ಲಿಗೆ ಸರಿಯಾಗಿ ನಿಲ್ಲುವಂತೆ ಹಿಡಿಗಳ ನಡುವೆ ತಡೆಸ್ಕ್ರೂ ಇಡಬೇಕು. ಇಲ್ಲದಿದ್ದರೆ ಬಲವಾದ ಕೈ ಪಟ್ಟಿಯನ್ನೇ ಹಿಗ್ಗಿಸುತ್ತದೆ. ಕೀಲಿನಿಂದ ದವಡೆಯ ತುದಿಗೆ 28 ಮಿಮೀ, ಹಿಡಿಗೆ 130 ಮಿಮೀ ಇದ್ದರೆ 407 ನ್ಯೂಟನ್ ಎಳೆತಕ್ಕೆ ಕೈ ಹಾಕಬೇಕಾದದ್ದು ಸುಮಾರು 88 ನ್ಯೂಟನ್, ಅಂದರೆ ಒಂಬತ್ತು ಕಿಲೋ ತೂಕದಷ್ಟು. ಒಂದೇ ಕೈಗೆ ಇದು ಸಲೀಸು.

ದವಡೆಗಳು ಕೀಲಿನ ಸುತ್ತ ಕಮಾನಿನಲ್ಲಿ ಚಲಿಸುವುದರಿಂದ ಈ ಓಟದಲ್ಲಿ ಪ್ರತಿಯೊಂದೂ ಸುಮಾರು 6 ಡಿಗ್ರಿ ವಾಲುತ್ತದೆ. ತುದಿಯ ಮುಖವನ್ನು ಓಟದ ಆರಂಭದಲ್ಲಿ ನೇರವಾಗಿರುವಂತೆ ಮಾಡಿದರೆ ಕೊನೆಯಲ್ಲಿ, ಬಲ ಅತಿ ಹೆಚ್ಚಿರುವಾಗಲೇ, ಅದು ಉಬ್ಬನ್ನು ಮೇಲಕ್ಕೆತ್ತಿ ಕೊಕ್ಕೆ ಕೂರದಂತೆ ಮಾಡುತ್ತದೆ. ಮುಖ ಓಟದ ಕೊನೆಯಲ್ಲಿ ನೇರವಾಗಿರಲಿ. ಇಷ್ಟಾದರೂ ಹೊರ ಪದರ ಸ್ವಲ್ಪ ಎದ್ದೇಳುತ್ತದೆ, ಏಕೆಂದರೆ ಬಲ ಬೀಳುವುದು ಪಟ್ಟಿಯ ಸಮತಲಕ್ಕಿಂತ ಮೇಲೆ. ಅದಕ್ಕೆ ದವಡೆಗಳ ನಡುವೆ ಸ್ಪ್ರಿಂಗ್ ಇರುವ ಒಂದು ಒತ್ತುಗಡ್ಡಿ ಬೇಕು. ಅದರ ತಳದಲ್ಲಿ ಕೊಕ್ಕೆಗಳಿಗೆ ಜಾಗ ಬಿಟ್ಟು ತೋಡು ಕೊರೆದಿರಬೇಕು. ಕಿಂಡಿ ಕೊಕ್ಕೆಯನ್ನು ದಾಟಿದ ಕ್ಷಣ ಒತ್ತುಗಡ್ಡಿ ಪಟ್ಟಿಯನ್ನು ಕೆಳಗೆ ತಳ್ಳುತ್ತದೆ, ಟಕ್ಕೆಂಬ ಸದ್ದು ಕೇಳುತ್ತದೆ. ಈ ಒತ್ತುಗಡ್ಡಿಯಿಲ್ಲದ ಇಕ್ಕಳವನ್ನು ಮಾಡದಿರುವುದೇ ವಾಸಿ. ದವಡೆಯ ತುದಿಗಳನ್ನು ಓಎಚ್‌ಎನ್‌ಎಸ್ ಉಕ್ಕಿನಲ್ಲಿ ಪ್ರತ್ಯೇಕವಾಗಿ ಮಾಡಿ, ಹದಗೊಳಿಸಿ, ಸ್ಕ್ರೂವಿನಿಂದ ಕೂಡಿಸಿದರೆ ಸವೆದಾಗ ಬದಲಿಸಬಹುದು.

ಪರೀಕ್ಷೆಯನ್ನು ಗಾಳಿಯಿಂದಲ್ಲ, ನೀರಿನಿಂದ ಮಾಡಬೇಕು. ಸಂಕುಚಿತ ಗಾಳಿಯಲ್ಲಿ ಹೋಸು ಕಳಚಿದರೆ ಅಪಾಯ. ಕೆಲಸದ ಒತ್ತಡದ ಒಂದೂವರೆ ಪಟ್ಟು ಒತ್ತಡವನ್ನು ಹತ್ತು ನಿಮಿಷ ಹಿಡಿದು ನೋಡಿ, ಬಳಿಕ ಜೋಡಣೆಯನ್ನು ಬಿಸಿನೀರಿನಲ್ಲಿ ಕಾಯಿಸಿ ತಣಿಸಿ ಮತ್ತೆ ಅದೇ ಪರೀಕ್ಷೆ ಮಾಡಬೇಕು. ಮೊದಲ ಸಲ ಗೆದ್ದು ಎರಡನೆಯ ಸಲ ಸೋತರೆ ರಬ್ಬರು ಸಡಿಲಗೊಂಡಿದೆ ಎಂದರ್ಥ. ಮುಚ್ಚಿದ ವ್ಯಾಸವನ್ನು 0.3 ಮಿಮೀ ಇಳಿಸಿ ಇನ್ನೊಂದು ಪಟ್ಟಿ ಕತ್ತರಿಸಬೇಕು. ಪ್ಲಾಸ್ಟಿಕ್ ಕೊಳವೆಯ ಮೇಲೆ, ಅದರಲ್ಲೂ ಪದೇ ಪದೇ ಕಾದು ತಣಿಯುವಲ್ಲಿ, ಈ ಕ್ಲಾಂಪಿಗಿಂತ ತಾನೇ ಹಿಂಬಾಲಿಸಿ ಬಿಗಿಯುವ ಸ್ಪ್ರಿಂಗ್ ಕ್ಲಾಂಪೇ ಮೇಲು. ಬಿಚ್ಚಬೇಕಾದಾಗ ಕೊಕ್ಕೆಯನ್ನು ಮೀಟಿ ತೆಗೆಯಲು ಹೋಗದೆ ಪಟ್ಟಿಯನ್ನು ಕತ್ತರಿಸಿ ಎಸೆಯಬೇಕು. ಒಮ್ಮೆ ಭಾರ ಹೊತ್ತ ಕೊಕ್ಕೆಯನ್ನು ಎರಡನೆಯ ಸಲ ಬಳಸಬಾರದು.