ಬಚ್ಚಲ ಹಂಡೆ ಒಲೆ: ಕಟ್ಟುವುದು, ಉರಿಸುವುದು

ಮಲೆನಾಡಿನ ಬಚ್ಚಲೊಲೆ ಮಣಗಟ್ಟಲೆ ಸೌದೆ ತಿನ್ನುತ್ತಿದ್ದರೆ ತಪ್ಪು ಹೆಚ್ಚಾಗಿ ಕಟ್ಟಿದ ರೀತಿಯಲ್ಲಿರುತ್ತದೆ. ಉರಿ ಹಂಡೆಯ ತಳ ಸವರಿ ನೇರ ಹೊಗೆಕೊಳವೆಗೆ ಓಡಬಾರದು. ಹಂಡೆಯ ಹೊಟ್ಟೆಯನ್ನು ಸುತ್ತಿಯೇ ಹೋಗಬೇಕು.

ನಾಲ್ಕೈದು ಜನರ ಮನೆಗೆ 60–80 ಲೀಟರಿನ ತಾಮ್ರದ ಹಂಡೆ ಸಾಕು. ಹಂಡೆಗೂ ಒಲೆಯ ಗೋಡೆಗೂ ನಡುವೆ ಸುತ್ತಲೂ ಒಂದರಿಂದ ಒಂದೂವರೆ ಇಂಚು ಸಂದು ಬಿಡಿ. ಸಂದು ಕಿರಿದಾದರೆ ಮಸಿ ಕಟ್ಟಿಕೊಂಡು ಹೊಗೆ ಒಲೆಬಾಯಿಗೇ ಮರಳುತ್ತದೆ. ಅಗಲವಾದರೆ ಬಿಸಿಗಾಳಿ ತಾಮ್ರಕ್ಕೆ ಸರಿಯಾಗಿ ತಾಗದೆ ಹೊರಟುಹೋಗುತ್ತದೆ. ಕಂಠದ ಕೆಳಗೆ ಮಣ್ಣು ಮೆತ್ತಿ ಸಂದು ಮುಚ್ಚಿ. ಒಲೆಬಾಯಿಗೆ ಎದುರು ಬದಿಯಲ್ಲಿ, ಹಂಡೆಯ ಭುಜದ ಮಟ್ಟಕ್ಕೆ 4 ಇಂಚಿನ ಹೊಗೆಕೊಳವೆ ಕೂರಿಸಿ, ಮಾಡಿನ ನೆತ್ತಿಗಿಂತ ಎರಡಡಿಯಾದರೂ ಮೇಲಕ್ಕೆ ಒಯ್ಯಿರಿ. ಮಾಡು ಹೊರುವ ಮರದ ಪಕಾಸಿಗೆ ತಾಗಿಸಬೇಡಿ. ಒಳಗಿನ ಮೆತ್ತುಗೆಗೆ ಸಿಮೆಂಟ್ ಬೇಡ, ಕಾವಿಗೆ ಬಿರಿಯುತ್ತದೆ. ಕೆಮ್ಮಣ್ಣಿಗೆ ಭತ್ತದ ಹೊಟ್ಟು ಕಲಸಿ ಮೆತ್ತಿ.

ಸೌದೆಯನ್ನು ನೆಲದ ಮೇಲೆ ಉರಿಸಬೇಡಿ. ಹಂಡೆಯ ತಳದಿಂದ 7–8 ಇಂಚು ಕೆಳಗೆ ಕಬ್ಬಿಣದ ಸರಳಿನ ಜಾಲರಿ, ಅದರಡಿ ಬೂದಿಗುಂಡಿ ಇರಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ, ಸೌದೆ ಉಳಿಸುವ ಅಸ್ತ್ರ ಒಲೆಯ ಗುಟ್ಟೂ ಜಾಲರಿ, ಮುಚ್ಚಿದ ಉರಿಗೂಡು ಮತ್ತು ಹೊಗೆಕೊಳವೆಯೇ. ಒಲೆಬಾಯಿ ಬಚ್ಚಲಿನ ಹೊರಗೋಡೆಯಲ್ಲಿದ್ದರೆ ಉತ್ತಮ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಬಾಯಿ ಒಳಗೇ ಇದ್ದರೆ ಸ್ನಾನದ ಹೊತ್ತಿಗೂ ಕಿಟಕಿ ತೆರೆದಿರಲೇಬೇಕು.

ಇನ್ನು ಸೌದೆ. ಈಗತಾನೆ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅದನ್ನು ಆವಿ ಮಾಡಲು ಖರ್ಚಾಗುವ ಶಾಖ ನಿಮ್ಮ ಹಂಡೆಗೆ ಸಿಗುವುದಿಲ್ಲ; ಜೊತೆಗೆ ಕೊಳವೆಯೊಳಗೆ ಜಿಡ್ಡು ಮಸಿ ಕಟ್ಟುತ್ತದೆ, ಅದಕ್ಕೆ ಬೆಂಕಿ ಹತ್ತುವುದೂ ಉಂಟು. ಮಳೆಗಾಲದ ಸೌದೆಯನ್ನು ಹಿಂದಿನ ಚಳಿಗಾಲದಲ್ಲೇ ಮಣಿಕಟ್ಟಿನ ದಪ್ಪಕ್ಕೆ ಸೀಳಿ, ಬಿಸಿಲು ಗಾಳಿ ಆಡುವಂತೆ ಒಟ್ಟಿ, ಮೇ ಮುಗಿಯುವುದರೊಳಗೆ ಕೊಟ್ಟಿಗೆಗೆ ಸೇರಿಸಿ. ಒಂದು ತುಂಡಿಗೆ ಗುರುತು ಹಾಕಿ ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತರೆ ಒಣಗಿದೆ ಎಂದೇ ಲೆಕ್ಕ.

ಮೊದಲು ಹಂಡೆಗೆ ನೀರು, ಆಮೇಲೆ ಬೆಂಕಿ. ಕಾಯುವಾಗ ನೀರಿನ ಮಟ್ಟ ಉರಿ ತಾಗುವ ಭಾಗಕ್ಕಿಂತ ಮೇಲಿರಬೇಕು. ತವರದ ಬೆಸುಗೆ ಹಾಕಿದ ಹಂಡೆಯನ್ನು ಬರಿದಾಗಿ ಕಾಯಿಸಿದರೆ ಬೆಸುಗೆ ಬಿಡುತ್ತದೆ, ತವರ 232 ಡಿಗ್ರಿಗೇ ಕರಗುತ್ತದೆ. ಒಣ ಅಡಿಕೆ ಸಿಪ್ಪೆ, ಎರಡು ಕರಟ ಇಟ್ಟು ಹೊತ್ತಿಸಿ, ಮೂರ್ನಾಲ್ಕು ಸೀಳಿನಿಂದ ಶುರುಮಾಡಿ. ಒಲೆಬಾಯಿ ತುಂಬ ತುರುಕಿದರೆ ಗಾಳಿ ಸಿಗದೆ ಹೊಗೆಯಾಡುತ್ತದೆ. ಬಣ್ಣ ಬಳಿದ ಹಲಗೆ, ಪ್ಲೈವುಡ್, ಪ್ಲಾಸ್ಟಿಕ್ ಹಾಕಲೇಬೇಡಿ.

ಜಾಲರಿಯಡಿಯ ಬೂದಿಯನ್ನು ದಿನಾ ಬೆಳಿಗ್ಗೆ ಎಳೆದು ತಗಡಿನ ಡಬ್ಬಿಗೆ ಹಾಕಿ. ಒಳಗೆ ಕೆಂಡ ಉಳಿದಿರುತ್ತದೆ, ಗೋಣಿಚೀಲಕ್ಕೆ ಸುರಿಯಬೇಡಿ. ಹೊಗೆಕೊಳವೆಯ ಮಸಿಯನ್ನು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಉದ್ದ ಕೋಲಿಗೆ ಗೋಣಿ ಸುತ್ತಿ ಉಜ್ಜಿ ತೆಗೆಯಿರಿ.