ಡಬ್ಬಾ ಟಿವಿಗಳ ಜೊತೆ ಕೆಲಸ: ನನ್ನ ಅನುಭವ

ಡಬ್ಬಾ ಟಿವಿ ಇಟ್ಟುಕೊಂಡು ಕಲಾಕೃತಿ ಮಾಡುತ್ತೇನೆ ಅಂದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಅದೇ ವಿಡಿಯೋನ ಎಲ್‌ಇಡಿ ಟಿವಿಯಲ್ಲಿ ಹಾಕಿದ್ರೆ ಆಗಲ್ವಾ? ಎಷ್ಟೋ ಕೃತಿಗಳಿಗೆ ಖಂಡಿತ ಆಗುತ್ತದೆ. ಹಳೆ ಟಿವಿ ನೋಡಿದರೆ ಬಾಲ್ಯ ನೆನಪಾಗುತ್ತದೆ ಅನ್ನುವ ಒಂದೇ ಕಾರಣಕ್ಕೆ ಅದನ್ನು ಗ್ಯಾಲರಿಗೆ ತಂದಿಡುವುದು ನನಗೆ ಸರಿ ಕಾಣುವುದಿಲ್ಲ. ಆ ನೆನಪಿನ ಖುಷಿ ಸ್ವಲ್ಪ ಹೊತ್ತು ಇರುತ್ತದೆ, ಆಮೇಲೆ ಮುಗಿಯಿತು. ಹಳೆ ಯಂತ್ರವೇ ಬೇಕು ಅನ್ನುವುದಕ್ಕೆ ಕೃತಿಯ ಒಳಗೇ ಕಾರಣ ಇರಬೇಕು.

ನನ್ನ ಕೃತಿಯಲ್ಲಿ ಏಳು ಟಿವಿಗಳಿವೆ. ಬೆಂಗಳೂರಿನ ಗುಜರಿ ಅಂಗಡಿಗಳಿಂದ, ಪರಿಚಯದವರ ಮನೆಯ ಅಟ್ಟದಿಂದ ಬಂದಂಥವು. ಯಾವುದೂ ನಡೆಯುತ್ತಿರಲಿಲ್ಲ. ಒಂದೊಂದನ್ನು ಒಬ್ಬೊಬ್ಬ ಮೆಕ್ಯಾನಿಕ್ ರಿಪೇರಿ ಮಾಡಿದರು. ಅವರು ಕೆಲಸ ಮಾಡುವಾಗ ಮೇಲಿನಿಂದ ಶೂಟ್ ಮಾಡಿದೆ. ಮುಖ ಇಲ್ಲ, ಕೈಗಳು ಮಾತ್ರ. ಈಗ ಪ್ರತಿ ಟಿವಿಯಲ್ಲೂ ಅದೇ ಟಿವಿಯ ರಿಪೇರಿ ಓಡುತ್ತಿರುತ್ತದೆ. ಕೈಗಳು ಯಾವ ಯಂತ್ರವನ್ನು ಬಿಚ್ಚುತ್ತಿವೆಯೋ ಅದೇ ಯಂತ್ರ ಆ ಕೈಗಳನ್ನು ತೋರಿಸುತ್ತಿದೆ. ಹಾಗಾಗಿ ಬೇರೆ ಪರದೆಯಲ್ಲಿ ಹಾಕಿದರೆ ಅದು ಬರೀ ರಿಪೇರಿ ವಿಡಿಯೋ ಆಗಿಬಿಡುತ್ತದೆ.

ಟಿವಿ ಆರಿಸುವುದು ಹೇಗೆ ಅಂತ ನನಗೆ ಹೇಳಿಕೊಟ್ಟಿದ್ದು ಮೆಕ್ಯಾನಿಕ್‌ಗಳೇ. "ಟ್ಯೂಬ್ ಒಂದು ಚೆನ್ನಾಗಿದ್ರೆ ಸಾಕು ಮೇಡಂ, ಮಿಕ್ಕಿದ್ದು ನಾನು ನೋಡ್ಕೋತೀನಿ" ಅಂತ ಒಬ್ಬರು ಹೇಳಿದರು. ಕೆಪಾಸಿಟರ್ ಉಬ್ಬಿದ್ದರೆ ಹೊಸದು ಹಾಕಬಹುದು. ಬೋರ್ಡಿನಲ್ಲಿ ಸಾಲ್ಡರ್ ಬಿಟ್ಟಿದ್ದರೆ ಮತ್ತೆ ಬೆಸೆಯಬಹುದು. ಪೂರ್ತಿ ಬೋರ್ಡೇ ಸುಟ್ಟಿದ್ದರೂ ಬೇರೆ ಟಿವಿಯ ಕಿಟ್ ಹೊಂದಿಸುವವರಿದ್ದಾರೆ. ಆದರೆ ಪಿಕ್ಚರ್ ಟ್ಯೂಬ್, ಅಂದರೆ ಚಿತ್ರ ಮೂಡಿಸುವ ಆ ದಪ್ಪ ಗಾಜಿನ ಕೊಳವೆ, ವೀಕ್ ಆದರೆ ಹೊಸದು ಎಲ್ಲೂ ಸಿಗುವುದಿಲ್ಲ. ಕ್ಯಾಮೆರಾಗೆ ಹಾಕುವ ಫಿಲ್ಮ್ ರೀಲ್ ಈಗಲೂ ತಯಾರಾಗುತ್ತಿದೆ, ಗ್ರಾಮಫೋನ್ ತಟ್ಟೆಗಳು ಮತ್ತೆ ಮಾರುಕಟ್ಟೆಗೆ ಬಂದವು. ಬಣ್ಣದ ಟಿವಿಯ ಟ್ಯೂಬ್ ಹಾಗೆ ವಾಪಸ್ ಬರುವ ವಸ್ತು ಅಲ್ಲ. ಗಾಜಿನ ಕುಲುಮೆ ಬೇಕು, ಒಳಗಿನ ಗಾಳಿಯನ್ನೆಲ್ಲ ತೆಗೆಯುವ ವ್ಯವಸ್ಥೆ ಬೇಕು, ಕಿರಣ ಬಿದ್ದರೆ ಬಣ್ಣ ಬಣ್ಣವಾಗಿ ಹೊಳೆಯುವ ಫಾಸ್ಫರ್ ಪುಡಿಯನ್ನು ಪರದೆಗೆ ಅಂಟಿಸುವ ಸಾಲು ಸಾಲು ಯಂತ್ರ ಬೇಕು. ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಆಗುವ ಕೆಲಸ ಅಲ್ಲ.

ನನ್ನ ಏಳರಲ್ಲಿ ಒಂದು ಕಪ್ಪು-ಬಿಳುಪಿನ ಸೆಟ್. ಹಿಂದಿನ ಮುಚ್ಚಳ ತೆಗೆದಾಗ ಟ್ಯೂಬಿನ ಮೇಲೆ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಹೆಸರಿನ ಚೀಟಿ ಇತ್ತು. ಒಂದು ಕಾಲದಲ್ಲಿ ನಮ್ಮ ಬೆಂಗಳೂರಿನಲ್ಲೇ ಕಪ್ಪು-ಬಿಳುಪು ಪಿಕ್ಚರ್ ಟ್ಯೂಬ್ ತಯಾರಾಗುತ್ತಿತ್ತು ಅನ್ನುವುದು ಈಗಿನ ಎಷ್ಟೋ ಹುಡುಗರಿಗೆ ಗೊತ್ತಿಲ್ಲ. ಆ ಚೀಟಿಯ ಹತ್ತಿರ ಕ್ಯಾಮೆರಾ ಹಿಡಿದು ಜಾಸ್ತಿ ಹೊತ್ತು ಶೂಟ್ ಮಾಡಿದ್ದೇನೆ.

ಗುಜರಿಯವರ ಹತ್ತಿರ ಬೇಗ ಹೋಗಬೇಕು. ಅವರಿಗೆ ಟಿವಿಯಲ್ಲಿ ಬೆಲೆ ಇರುವುದು ತಾಮ್ರಕ್ಕೆ. ಟ್ಯೂಬಿನ ಕುತ್ತಿಗೆಗೆ ಸುತ್ತಿರುವ ಯೋಕ್ ಕಾಯಿಲ್, ಅಂಚಿನ ಸುತ್ತ ಇರುವ ಡೀಗಾಸ್ ಕಾಯಿಲ್ ಬಿಚ್ಚಿಕೊಂಡು ಮಿಕ್ಕಿದ್ದನ್ನು ಒಡೆದು ಹಾಕುತ್ತಾರೆ. ಆ ಗಾಜಿನಲ್ಲಿ ಸೀಸ ಇದೆ, ಒಡೆಯುವುದು ಒಡೆಯುವವರಿಗೇ ಒಳ್ಳೆಯದಲ್ಲ. ತಾಮ್ರದ ದುಡ್ಡಿಗಿಂತ ಸ್ವಲ್ಪ ಜಾಸ್ತಿ ಕೊಡ್ತೀನಿ, ಪೂರ್ತಿ ಸೆಟ್ ಹಾಗೇ ಎತ್ತಿಡಿ ಅಂತ ಮೊದಲೇ ಹೇಳಿಟ್ಟರೆ ಎತ್ತಿಡುತ್ತಾರೆ.

ವರ್ಷಗಟ್ಟಲೆ ಅಟ್ಟದಲ್ಲಿದ್ದ ಟಿವಿಯನ್ನು ನೇರ ಪ್ಲಗ್ಗಿಗೆ ಹಾಕಬಾರದು. ನಾನು ಶೂಟ್ ಮಾಡಿದ ಎಲ್ಲ ಮೆಕ್ಯಾನಿಕ್‌ಗಳೂ ಮೊದಲು ಮಾಡಿದ್ದು ಒಂದೇ ಕೆಲಸ: ಸೀರೀಸ್ ಬಲ್ಬ್. ಮರದ ಹಲಗೆ ಮೇಲೆ ಒಂದು ಹೋಲ್ಡರ್, ಒಂದು ಸಾಕೆಟ್. ಹೋಲ್ಡರ್‌ನಲ್ಲಿ 100 ವ್ಯಾಟಿನ ಹಳೆ ಕಾಲದ ಬಲ್ಬ್. ಟಿವಿಗೆ ಹೋಗುವ ಕರೆಂಟ್ ಈ ಬಲ್ಬ್ ದಾಟಿಯೇ ಹೋಗಬೇಕು. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿದು ಹಾಗೇ ನಿಲ್ಲುತ್ತದೆ, ಟಿವಿಗೆ ಏನೂ ಆಗುವುದಿಲ್ಲ. ಸರಿ ಇದ್ದರೆ ಮೊದಲು ಜೋರಾಗಿ ಹೊತ್ತಿ, ನಿಧಾನಕ್ಕೆ ಮಂಕಾಗುತ್ತದೆ. ಆ ಮಂಕಾಗುವ ಕ್ಷಣಕ್ಕೆ ಮೆಕ್ಯಾನಿಕ್‌ನ ಕೈ ಸ್ವಿಚ್ ಮೇಲೇ ಕಾದಿರುತ್ತದೆ. ಹೆಬ್ಬೆರಳು ಒಂಚೂರೂ ಅಲುಗಾಡುವುದಿಲ್ಲ. ನನ್ನ ವಿಡಿಯೋಗಳಲ್ಲಿ ನನಗೆ ತುಂಬ ಇಷ್ಟವಾದ ಭಾಗ ಅದು. ಈ ಕೆಲಸಕ್ಕೆ ಎಲ್‌ಇಡಿ ಬಲ್ಬ್ ಆಗುವುದಿಲ್ಲ, ತಂತಿ ಕಾಯುವ ಹಳೆ ಬಲ್ಬೇ ಬೇಕು. ಅದೂ ಈಗ ಹುಡುಕಬೇಕಾದ ವಸ್ತು. ಕಂಡಲ್ಲೆಲ್ಲ ಎರಡೆರಡು ಕೊಂಡು ಇಟ್ಟುಕೊಳ್ಳುತ್ತೇನೆ.

ಒಂದು ಮಾತು ಗಂಭೀರವಾಗಿ ಹೇಳಬೇಕು. ಬಣ್ಣದ ಟಿವಿಯ ಟ್ಯೂಬಿಗೆ ಇಪ್ಪತ್ತು ಇಪ್ಪತ್ತೈದು ಸಾವಿರ ವೋಲ್ಟ್ ಹೋಗುತ್ತದೆ. ಪ್ಲಗ್ ಕಿತ್ತ ಮೇಲೂ ಟ್ಯೂಬ್ ಒಳಗೆ ಚಾರ್ಜ್ ಉಳಿದಿರುತ್ತದೆ. ಅದನ್ನು ಹೇಗೆ ಇಳಿಸಬೇಕು ಅಂತ ಎದುರಿಗೆ ನಿಂತು ಕಲಿತವರು ಮಾತ್ರ ಕೈ ಹಾಕಬೇಕು. ವಿಡಿಯೋ ನೋಡಿ ಮಾಡುವ ಕೆಲಸ ಅಲ್ಲ. ನಾನು ಇವತ್ತಿಗೂ ಮೆಕ್ಯಾನಿಕ್ ಇಲ್ಲದೆ ಹಿಂದಿನ ಮುಚ್ಚಳ ತೆಗೆಯುವುದಿಲ್ಲ.

ಎರಡು ಸೆಟ್‌ಗಳಲ್ಲಿ ಒಂದೇ ತೊಂದರೆ ಇತ್ತು. ಆನ್ ಮಾಡಿದರೆ ಚಿತ್ರ ಇಲ್ಲ, ಪರದೆ ನಡುವೆ ಅಡ್ಡಕ್ಕೆ ಒಂದು ಬಿಳಿ ಗೆರೆ. "ವರ್ಟಿಕಲ್ ಹೋಗಿದೆ, ಲೈನ್ ಬರ್ತಿದೆ" ಅಂತಾರೆ ಮೆಕ್ಯಾನಿಕ್‌ಗಳು. ಎಲೆಕ್ಟ್ರಾನ್ ಕಿರಣ ಎಡದಿಂದ ಬಲಕ್ಕೆ ಓಡುತ್ತಿದೆ, ಮೇಲಿಂದ ಕೆಳಕ್ಕೆ ಎಳೆಯುವ ಸರ್ಕ್ಯೂಟ್ ನಿಂತಿದೆ. ಇಡೀ ಚಿತ್ರ ಒಂದು ಗೆರೆಯೊಳಗೆ ಮಡಚಿಕೊಂಡಿದೆ. ಅದನ್ನು ನೋಡಿದ ತಕ್ಷಣ ನನಗೆ ಟಿವಿಗಳನ್ನೇ ಕಲೆಯಾಗಿಸಿದ ಕೊರಿಯಾ ಮೂಲದ ಕಲಾವಿದ ನಾಮ್ ಜೂನ್ ಪೈಕ್ ನೆನಪಾದರು. 1963ರಲ್ಲಿ ಜರ್ಮನಿಯ ವುಪ್ಪರ್‌ಟಾಲ್‌ನಲ್ಲಿ ಅವರ ಟಿವಿಗಳ ಪ್ರದರ್ಶನ ಇತ್ತು. ಸಾಗಿಸುವಾಗ ಒಂದು ಸೆಟ್ ಕೆಟ್ಟು ಹೀಗೇ ಗೆರೆ ಬರತೊಡಗಿತು. ಪೈಕ್ ಅದನ್ನು ಪಕ್ಕಕ್ಕೆ ಹೊರಳಿಸಿ ಇಟ್ಟರು. ಅಡ್ಡ ಗೆರೆ ಉದ್ದ ಗೆರೆ ಆಯಿತು, 'ಜೆನ್ ಫಾರ್ ಟಿವಿ' ಅನ್ನುವ ಕೃತಿ ಆಯಿತು. ಟಿವಿಗಳು ಆಗಿನ್ನೂ ಹೊಸ ವಸ್ತು. ಕೆಟ್ಟ ಟಿವಿಯಲ್ಲೂ ನೋಡುವಂಥದ್ದು ಇದೆ ಅಂತ ಅಷ್ಟು ಬೇಗ ಒಬ್ಬರು ಕಂಡರು. ಈ ಕಥೆ ಹೇಳಿದಾಗ ಮೆಕ್ಯಾನಿಕ್ ಅಣ್ಣ ಗಮನ ಕೊಟ್ಟು ಕೇಳಿದರು. ಆಮೇಲೆ, "ಗೆರೆ ಅಲ್ಲೇ ನಿಂತ್ರೆ ಪರದೆ ಸುಟ್ಟುಹೋಗುತ್ತೆ ಮೇಡಂ, ಬ್ರೈಟ್‌ನೆಸ್ ಕಮ್ಮಿ ಇಟ್ಟಿದ್ರಾ ಅವ್ರು?" ಅಂತ ಕೇಳಿದರು. ಎಷ್ಟು ಒಳ್ಳೆ ಪ್ರಶ್ನೆ! ಒಂದೇ ಜಾಗದಲ್ಲಿ ಕಿರಣ ಬಡಿಯುತ್ತಿದ್ದರೆ ಅಲ್ಲಿನ ಫಾಸ್ಫರ್ ಸವೆದು ಕಲೆ ಉಳಿಯುತ್ತದೆ. ಅದೇ ಕಾರಣಕ್ಕೆ ನನ್ನ ವಿಡಿಯೋಗಳಲ್ಲಿ ಅಲುಗಾಡದ ಚಿತ್ರ ಒಂದೂ ಇಲ್ಲ.

ಸಿಗ್ನಲ್ ಕೊಡುವುದು ಅಷ್ಟು ಕಷ್ಟ ಆಗಲಿಲ್ಲ. ಪ್ರತಿ ಟಿವಿಯ ಹಿಂದೆ ರಾಸ್‌ಬೆರಿ ಪೈ ಅನ್ನುವ ಒಂದು ಪುಟ್ಟ ಕಂಪ್ಯೂಟರ್ ಇದೆ. ಅದರ ಹಳೆ ಮಾಡೆಲ್‌ಗಳಲ್ಲಿ ಹೆಡ್‌ಫೋನ್ ಸಾಕೆಟ್‌ನಿಂದಲೇ ಎವಿ ಸಿಗ್ನಲ್ ಸಿಗುತ್ತದೆ, ಹಳದಿ ಪಿನ್ ಟಿವಿಗೆ ಚುಚ್ಚಿದರೆ ಆಯಿತು. ಆದರೆ ಅದು ತಾನಾಗಿ ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ಕೊಡುತ್ತದೆ. ನಮ್ಮ ದೇಶದ ಟಿವಿಗಳದ್ದು ಪಾಲ್ ಪದ್ಧತಿ. ಸೆಟ್ಟಿಂಗ್ ಬದಲಾಯಿಸದಿದ್ದರೆ ಹಳೆ ಟಿವಿಗಳಲ್ಲಿ ಬಣ್ಣ ಹೋಗಿ ಚಿತ್ರ ಉರುಳತೊಡಗುತ್ತದೆ. ಚಿತ್ರದ ನಾಲ್ಕೂ ಅಂಚು ಸ್ವಲ್ಪ ಕತ್ತರಿಸಿ ಹೋಗುತ್ತದೆ, ಹಾಗಾಗಿ ಕೈಗಳನ್ನು ಮಧ್ಯದಲ್ಲೇ ಇಟ್ಟು ಶೂಟ್ ಮಾಡಬೇಕು. ಕಪ್ಪು-ಬಿಳುಪಿನ ಸೆಟ್‌ಗೆ ಎವಿ ಇಲ್ಲ, ಆಂಟೆನಾ ತೂತು ಮಾತ್ರ. ಅದಕ್ಕೆ ನಡುವೆ, ಎವಿ ಸಿಗ್ನಲ್ ಅನ್ನು ಆಂಟೆನಾ ಸಿಗ್ನಲ್ ಆಗಿ ಬದಲಾಯಿಸುವ ಮಾಡ್ಯುಲೇಟರ್ ಒಂದನ್ನು ಹಾಕಿದ್ದೇವೆ.

ಗ್ಯಾಲರಿಯಲ್ಲಿ ಮೊದಲು ಕೈಕೊಟ್ಟಿದ್ದು ಟಿವಿಗಳಲ್ಲ, ಈ ಪುಟ್ಟ ಕಂಪ್ಯೂಟರ್‌ಗಳು. ರಾತ್ರಿ ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕುವುದು ಎಲ್ಲ ಕಡೆ ರೂಢಿ. ಹಾಗೆ ದಿಢೀರ್ ಅಂತ ಆಫ್ ಮಾಡಿದರೆ ಮೆಮರಿ ಕಾರ್ಡ್ ಹಾಳಾಗುತ್ತದೆ. ಕಾರ್ಡಿನಿಂದ ಬರೀ ಓದುವ ಹಾಗೆ, ಅದಕ್ಕೆ ಏನೂ ಬರೆಯದ ಹಾಗೆ ಹೊಂದಿಸಿದ ಮೇಲೆ ಸರಿಹೋಯಿತು. ಇನ್ನೊಂದು ಕಡೆ ಯಾರೋ ದೊಡ್ಡ ಸ್ಪೀಕರ್ ಒಂದನ್ನು ಟಿವಿ ಪಕ್ಕಕ್ಕೆ ಸರಿಸಿದ್ದರು. ಅದರ ಅಯಸ್ಕಾಂತಕ್ಕೆ ಪರದೆಯ ಮೂಲೆಯಲ್ಲಿ ನೇರಳೆ ಕಲೆ ಬಂದಿತ್ತು. ಪೈಕ್ 1965ರಲ್ಲಿ ಟಿವಿ ಮೇಲೆ ಬೇಕಂತಲೇ ಅಯಸ್ಕಾಂತ ಇಟ್ಟು 'ಮ್ಯಾಗ್ನೆಟ್ ಟಿವಿ' ಮಾಡಿದರು. ನನ್ನ ಕೃತಿಗೆ ಅದು ಬೇಡ, ಸ್ಪೀಕರ್ ದೂರ ಇಡಿಸಿದೆ.

ಶಾಲೆ ಮಕ್ಕಳು ಬಂದಾಗ ಒಂದು ವಿಷಯ ಗಮನಿಸಿದೆ. ಕೋಣೆಗೆ ಕಾಲಿಟ್ಟ ತಕ್ಷಣ ಅವರು ಕಿವಿ ಮುಟ್ಟಿಕೊಳ್ಳುತ್ತಾರೆ. ಪಾಲ್ ಟಿವಿ ಸೆಕೆಂಡಿಗೆ 25 ಚಿತ್ರ, ಚಿತ್ರಕ್ಕೆ 625 ಗೆರೆ ಎಳೆಯುತ್ತದೆ. ಅಂದರೆ ಸೆಕೆಂಡಿಗೆ 15,625 ಗೆರೆ. ಅಷ್ಟೇ ವೇಗದಲ್ಲಿ ಒಳಗಿನ ಟ್ರಾನ್ಸ್‌ಫಾರ್ಮರ್ ಸಣ್ಣಗೆ ಕೀಂ ಅನ್ನುತ್ತದೆ. ವಯಸ್ಸಾದಂತೆ ಅಷ್ಟು ಮೇಲಿನ ದನಿ ನಮಗೆ ಕೇಳಿಸುವುದು ನಿಲ್ಲುತ್ತದೆ. ಮೆಕ್ಯಾನಿಕ್‌ಗಳಿಗೂ ಕೇಳಿಸುವುದಿಲ್ಲ, ನನಗೂ ಇಲ್ಲ. ಈ ಟಿವಿಗಳನ್ನು ಮನೆಯಲ್ಲಿ ಎಂದೂ ನೋಡದ ಮಕ್ಕಳಿಗೇ ಅದು ಪೂರ್ತಿ ಕೇಳಿಸುವುದು.

ಮೆಕ್ಯಾನಿಕ್‌ಗಳಿಗೆ ರಿಪೇರಿ ಚಾರ್ಜ್ ಬೇರೆ, ಶೂಟಿಂಗಿಗೆ ಬೇರೆ ಕೊಟ್ಟಿದ್ದೇನೆ. ಒಪ್ಪಿದವರ ಹೆಸರು ಗೋಡೆ ಮೇಲೆ ನನ್ನ ಹೆಸರಿನಷ್ಟೇ ದೊಡ್ಡದಾಗಿ ಇರುತ್ತದೆ. ಅವರಲ್ಲಿ ಒಬ್ಬರು ಪ್ರದರ್ಶನಕ್ಕೆ ಬಂದು ತಮ್ಮ ಟಿವಿ ಮುಂದೆ ತುಂಬ ಹೊತ್ತು ನಿಂತರು. "ಗ್ರೀನ್ ಸ್ವಲ್ಪ ಜಾಸ್ತಿ ಹೊಡೀತಿದೆ" ಅಂದರು. ಮಾರನೇ ದಿನ ಗ್ಯಾಲರಿ ತೆರೆಯುವ ಮೊದಲೇ ಸ್ಕ್ರೂಡ್ರೈವರ್ ತಂದು ಹಿಂದಿನಿಂದ ತಿರುಗಿಸಿ, ಮುಂದೆ ನಾನು ಹಿಡಿದ ಕನ್ನಡಿಯಲ್ಲಿ ನೋಡುತ್ತಾ ಸರಿ ಮಾಡಿಕೊಟ್ಟರು. ಇಂಥವರ ಅಂಗಡಿಗಳಲ್ಲಿ ಈಗ ಹೆಚ್ಚಿನವು ಮೊಬೈಲ್ ಅಂಗಡಿಗಳಾಗಿವೆ. ಎಲ್‌ಇಡಿ ಟಿವಿ ರಿಪೇರಿ ಮಾಡುವವರಿದ್ದಾರೆ, ಆದರೆ ಅಲ್ಲಿ ಬೋರ್ಡ್ ತೆಗೆದು ಬೋರ್ಡ್ ಹಾಕುವುದೇ ಜಾಸ್ತಿ. ಪ್ಯಾನೆಲ್ ಹೋದರೆ ಟಿವಿಯೇ ಹೋಯಿತು. ಒಂದೊಂದೇ ಬಿಡಿಭಾಗ ಮುಟ್ಟಿ ನೋಡಿ ಯಾವುದು ಸತ್ತಿದೆ ಅಂತ ಹೇಳುವ ಕೈ ಕಮ್ಮಿ ಆಗುತ್ತಿದೆ.

ಈ ಟಿವಿಗಳು ಒಂದಿನ ನಿಂತೇ ನಿಲ್ಲುತ್ತವೆ. ಆಗ ಏನು ಮಾಡಬೇಕು? ದೊಡ್ಡ ಮ್ಯೂಸಿಯಂಗಳಿಗೂ ಇದೇ ಪ್ರಶ್ನೆ. ಪೈಕ್ 1988ರಲ್ಲಿ ಮಾಡಿದ 'ದಿ ಮೋರ್, ದಿ ಬೆಟರ್' ದಕ್ಷಿಣ ಕೊರಿಯಾದ ಗ್ವಾಚಿಯಾನ್‌ನಲ್ಲಿದೆ, 1,003 ಟಿವಿಗಳ ಗೋಪುರ. ಸುರಕ್ಷತೆಯ ಕಾರಣಕ್ಕೆ 2018ರಲ್ಲಿ ಅದನ್ನು ಆಫ್ ಮಾಡಬೇಕಾಯಿತು. 2022ರಲ್ಲಿ ಮತ್ತೆ ಹಚ್ಚಿದಾಗ 737 ಟಿವಿಗಳನ್ನು ರಿಪೇರಿ ಮಾಡಿಯೋ ಬಳಸಿದ ಸೆಟ್ ತಂದೋ ಉಳಿಸಿಕೊಂಡಿದ್ದರು. ಮಿಕ್ಕ 266ರೊಳಗೆ ಎಲ್‌ಸಿಡಿ ಪರದೆ ಕೂರಿಸಿದರು. ಅಷ್ಟು ದೊಡ್ಡ ಗೋಪುರದಲ್ಲಿ ಅದು ಸರಿಯಾದ ದಾರಿ ಅಂತ ನನಗೆ ಅನ್ನಿಸುತ್ತದೆ. ಅಲ್ಲಿ ಮುಖ್ಯವಾದದ್ದು ಒಟ್ಟು ನೋಟ, ಎತ್ತರ, ಬೆಳಕಿನ ಗದ್ದಲ. ನನ್ನ ಕೃತಿಗೆ ಅದು ಹೊಂದುವುದಿಲ್ಲ. ಎಲ್‌ಸಿಡಿ ಹಾಕಿದ ಡಬ್ಬದಲ್ಲಿ ಆ ಕೈಗಳು ಇಲ್ಲದ ಯಂತ್ರವನ್ನು ರಿಪೇರಿ ಮಾಡುತ್ತಿರುತ್ತವೆ.

ನ್ಯೂಯಾರ್ಕಿನ ಗುಗ್ಗನ್‌ಹೈಮ್ ಮ್ಯೂಸಿಯಂನವರು 2004ರಲ್ಲಿ ಹಳೆ ಯಂತ್ರದ ಕೃತಿಗಳನ್ನೂ ಅವುಗಳ ಹೊಸ ರೂಪವನ್ನೂ ಅಕ್ಕಪಕ್ಕ ಇಟ್ಟು ಒಂದು ಪ್ರದರ್ಶನ ಮಾಡಿದ್ದರು. ಕಲಾವಿದರು ಬದುಕಿರುವಾಗಲೇ ಅವರನ್ನು ಕೇಳಿ ಬರೆದಿಟ್ಟುಕೊಳ್ಳಬೇಕು ಅನ್ನುವುದು ಅವರ ಪದ್ಧತಿ. ನಾನು ಅದನ್ನು ಓದಿ, ಯಾರೂ ಕೇಳುವ ಮೊದಲೇ ನನ್ನದನ್ನು ಬರೆದೆ. ಗ್ಯಾಲರಿಯಲ್ಲಿ ಕೂತು ಬರೆಯಲು ಹೊರಟಾಗ ಬರಲಿಲ್ಲ. ಮೆಕ್ಯಾನಿಕ್‌ನ ಮೇಜಿನ ಪಕ್ಕ ಕೂತು, ಯಾವುದು ಬದಲಾಯಿಸಬಹುದು ಅಂತ ಒಂದೊಂದಾಗಿ ಕೇಳುತ್ತಾ ಬರೆದಾಗ ತಾನಾಗಿ ಬಂತು.

ಆ ಹಾಳೆಯಲ್ಲಿ ಇರುವುದು ಇಷ್ಟು. ಕೆಪಾಸಿಟರ್, ಐಸಿ, ವೈರು, ಪ್ಲೇಯರ್ ಇವೆಲ್ಲ ಎಷ್ಟು ಸಲ ಬೇಕಾದರೂ ಬದಲಾಗಬಹುದು. ಹೊರಗಿನ ಡಬ್ಬ ಒಡೆದರೆ ಬೇರೆ ಡಬ್ಬ ಆಗಬಹುದು. ಪಿಕ್ಚರ್ ಟ್ಯೂಬ್ ಬದಲು ಚಪ್ಪಟೆ ಪರದೆ ಎಂದಿಗೂ ಬೇಡ. ಟ್ಯೂಬ್ ಸತ್ತರೆ ಆ ಟಿವಿಯ ವಿಡಿಯೋ ಕೂಡ ಅಲ್ಲಿಗೆ ನಿಲ್ಲಬೇಕು. ಬೇರೆ ಸೆಟ್ ತಂದು, ಅದನ್ನು ಆವತ್ತು ಕೆಲಸ ಗೊತ್ತಿರುವ ಒಬ್ಬರಿಂದ ರಿಪೇರಿ ಮಾಡಿಸಿ, ಹೊಸದಾಗಿ ಶೂಟ್ ಮಾಡಬೇಕು. ಶೂಟ್ ಮಾಡುವುದು ನಾನೇ ಆಗಬೇಕಿಲ್ಲ. ರಿಪೇರಿ ಮಾಡುವವರು ಯಾರೂ ಸಿಗದಿದ್ದರೆ ಆ ಸ್ಟ್ಯಾಂಡ್ ಖಾಲಿ ಬಿಡಬೇಕು. ಏಳೂ ಖಾಲಿಯಾದ ದಿನ ಕೃತಿ ಮುಗಿಯುತ್ತದೆ. ಆಮೇಲೆ ವಿಡಿಯೋಗಳನ್ನು ಯಾವ ಪರದೆಯಲ್ಲಾದರೂ ತೋರಿಸಬಹುದು, ದಾಖಲೆ ಅಂತ ಹೆಸರು ಹಾಕಿ.

ಮುಗಿಯುತ್ತದೆ ಅಂತ ಬರೆದ ಸಾಲನ್ನು ತೆಗೆಯಿರಿ ಅಂತ ಒಬ್ಬ ಕೊಳ್ಳುವವರು ಕೇಳಿದರು. ತೆಗೆಯಲಿಲ್ಲ, ಅವರು ಕೊಳ್ಳಲೂ ಇಲ್ಲ. ಸದ್ಯಕ್ಕೆ ಒಂದು ಸೆಟ್ ಹೀಗೆ ಬದಲಾಗಿದೆ. ಹೊಸ ವಿಡಿಯೋದಲ್ಲಿ ನಾಲ್ಕು ಕೈಗಳಿವೆ. ಮೆಕ್ಯಾನಿಕ್ ಅಣ್ಣನ ಜೊತೆ ಅವರ ಅಂಗಡಿಯಲ್ಲಿ ಮೊಬೈಲ್ ಕೆಲಸ ಮಾಡುವ ಹುಡುಗಿ ಕೂತಿದ್ದಾಳೆ. ಸಾಲ್ಡರಿಂಗ್ ಅವಳಿಗೆ ಮೊದಲೇ ಚೆನ್ನಾಗಿ ಬರುತ್ತದೆ, ಟ್ಯೂಬಿನ ಚಾರ್ಜ್ ಇಳಿಸುವುದನ್ನು ಈಗ ಕಲಿಯುತ್ತಿದ್ದಾಳೆ.