ಸಂತ ಫಿಲೋಮಿನಾ ಚರ್ಚನ್ನು ನಾನು ತೋರಿಸುವ ಬಗೆ

ಮೈಸೂರಿಗೆ ಬಂದವರನ್ನು ಕರೆದುಕೊಂಡು, ಊರಿನ ಹಳೆ ಕಟ್ಟಡಗಳನ್ನು ನಡೆಯುತ್ತಲೇ ತೋರಿಸುವುದು ನನ್ನ ಕೆಲಸ. ಅರಮನೆ, ದೊಡ್ಡ ಗಡಿಯಾರ, ದೇವರಾಜ ಮಾರುಕಟ್ಟೆ ಎಲ್ಲವೂ ಅದರಲ್ಲಿ ಬರುತ್ತವೆ. ಆದರೆ ನಾನು ಜಾಸ್ತಿ ಓದಿಕೊಂಡದ್ದು, ಜಾಸ್ತಿ ಹೊತ್ತು ನಿಂತು ನೋಡಿದ್ದು ಅಶೋಕ ರಸ್ತೆಯ ತುದಿಯಲ್ಲಿರುವ ಸಂತ ಫಿಲೋಮಿನಾ ಚರ್ಚನ್ನು. ಈ ಚರ್ಚನ್ನು ತೋರಿಸಲು ನಾನು ಒಂದು ಕ್ರಮ ಮಾಡಿಕೊಂಡಿದ್ದೇನೆ. ಅದು ಹೇಗೆ ಬಂತು, ಯಾಕೆ ಹಾಗೆ ಎಂದು ಇಲ್ಲಿ ಬರೆಯುತ್ತೇನೆ. ತಮ್ಮ ಊರಿನ ಚರ್ಚಿನ ಬಗ್ಗೆ ಇಂಥದ್ದೇನಾದರೂ ಮಾಡಬೇಕು ಎನ್ನುವವರಿಗೆ ಉಪಯೋಗವಾಗಬಹುದು.

ಬಹಳ ಜನ ಈ ಚರ್ಚಿನ ಬಗ್ಗೆ ಕೇಳಿರುವುದು ಒಂದೇ ಮಾತು: ಜರ್ಮನಿಯ ಕಲೋನ್ ನಗರದ ಚರ್ಚಿನ ಮಾದರಿಯಲ್ಲಿ ಕಟ್ಟಿದ್ದು. ಆ ಮಾತು ನಿಜ. ಆದರೆ ಅದನ್ನೇ ಮೊದಲು ಹೇಳಿಬಿಟ್ಟರೆ ಬಂದವರು ಎರಡು ಗೋಪುರಗಳ ಫೋಟೊ ತೆಗೆದು, ಒಳಗೆ ಒಂದು ಸುತ್ತು ಹಾಕಿ ಹೊರಟುಬಿಡುತ್ತಾರೆ. ಇನ್ಯಾವುದೋ ಕಟ್ಟಡದ ನಕಲು ನೋಡಿದೆವು ಎಂಬ ಭಾವನೆ ಅವರಲ್ಲಿ ಉಳಿಯುತ್ತದೆ. ನನಗೆ ಅದು ಸರಿ ಕಾಣುವುದಿಲ್ಲ. ಈ ಚರ್ಚ್ ಮೈಸೂರಿನದು. ಅದನ್ನು ಮೈಸೂರಿನಿಂದಲೇ ಶುರುಮಾಡಿ ಹೇಳಬೇಕು. ಹಾಗಾಗಿ ಕಲೋನ್ ಹೆಸರನ್ನು ನಾನು ಮಧ್ಯದವರೆಗೂ ಎತ್ತುವುದೇ ಇಲ್ಲ.

ಶುರುಮಾಡುವುದು 1843ರಿಂದ. ಇದೇ ಜಾಗದಲ್ಲಿ ಆಗ ಒಂದು ಚಿಕ್ಕ ಚರ್ಚ್ ಎದ್ದಿತು. ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. ಆ ಕಾಲದ ಸ್ಥಿತಿಯನ್ನು ನಾನು ಬಿಡಿಸಿ ಹೇಳುತ್ತೇನೆ. 1831ರಲ್ಲೇ ಬ್ರಿಟಿಷರು ಮೈಸೂರಿನ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡಿದ್ದರು. ಅರಸರಿಗೆ ಅರಮನೆ ಇತ್ತು, ಗೌರವ ಇತ್ತು, ಅಧಿಕಾರ ಇರಲಿಲ್ಲ. ಅಂಥ ಹೊತ್ತಿನಲ್ಲೂ ಊರಿನ ಕ್ಯಾಥೊಲಿಕರಿಗೆ ಒಂದು ಚರ್ಚ್ ಬೇಕು ಎಂದು ಅವರಿಗೆ ಅನ್ನಿಸಿತು. ಆ ಕಾಲದ ಶಾಸನದ ಒಕ್ಕಣೆ ಸೊಗಸಾಗಿದೆ. ಬೆಳಕಿನ ಲೋಕವನ್ನೂ ಈ ಭೂಲೋಕವನ್ನೂ ಎಲ್ಲ ಜೀವಿಗಳನ್ನೂ ಸೃಷ್ಟಿಸಿ, ಕಾಪಾಡಿ, ಆಳುವ ಆ ಒಬ್ಬನೇ ದೇವರ ಹೆಸರಿನಲ್ಲಿ, ಲೋಕದ ಬೆಳಕಾದ ಯೇಸು ಕ್ರಿಸ್ತರು ಮನುಷ್ಯರಾಗಿ ಅವತರಿಸಿದ 1843 ವರ್ಷಗಳ ನಂತರ ಈ ಚರ್ಚ್ ಕಟ್ಟಲಾಯಿತು ಎಂಬುದು ಅದರ ಅರ್ಥ. ಇದನ್ನು ಹೇಳುವಾಗ ನಾನು ಅವಸರ ಮಾಡುವುದಿಲ್ಲ. ಸೃಷ್ಟಿಸುವವನು, ಕಾಪಾಡುವವನು, ಅವತಾರ ಎಂಬ ಮಾತುಗಳು ನಮ್ಮ ಅಜ್ಜಿಯರ ಬಾಯಲ್ಲೂ ಇದ್ದವಲ್ವಾ? ಕೇಳುತ್ತಿರುವವರಲ್ಲಿ ಹಿಂದೂಗಳೇ ಜಾಸ್ತಿ ಇದ್ದರೂ, ಇಲ್ಲಿಂದ ಮುಂದಕ್ಕೆ ಕಟ್ಟಡ ಅವರಿಗೆ ಪರಕೀಯ ಅನ್ನಿಸುವುದಿಲ್ಲ.

ಆಮೇಲೆ 1926ಕ್ಕೆ ಬರುತ್ತೇನೆ. ಮೈಸೂರು ಮಹಾರಾಜರ ಕಾರ್ಯದರ್ಶಿಯಾಗಿದ್ದ ತಂಬೂ ಚೆಟ್ಟಿಯವರು ಕ್ಯಾಥೊಲಿಕರು. ಪೋಪ್ ಅವರ ಪ್ರತಿನಿಧಿಯಾಗಿದ್ದ ಪೀಟರ್ ಪಿಸಾನಿಯವರಿಂದ ಅವರು ಸಂತ ಫಿಲೋಮಿನಾ ಅವರ ಪವಿತ್ರ ಅವಶೇಷವನ್ನು (ಸಂತರ ಉಳಿಕೆಯೆಂದು ಪೂಜ್ಯವಾಗಿ ಕಾಪಾಡುವ ವಸ್ತು) ಪಡೆದರು. ಅದನ್ನು ಇಲ್ಲಿನ ಫಾದರ್ ಕೊಶೆ ಅವರಿಗೆ ಒಪ್ಪಿಸಿದರು. ಸಂತಳಿಗೆ ತಕ್ಕ ಒಂದು ಚರ್ಚ್ ಕಟ್ಟಬೇಕು ಎಂದು ಕೊಶೆಯವರು ನಾಲ್ವಡಿ ಕೃಷ್ಣರಾಜ ಒಡೆಯರ ಹತ್ತಿರ ಹೋದರು. ನಾಲ್ವಡಿಯವರು 1933ರ ಅಕ್ಟೋಬರ್ 28ರಂದು ಅಡಿಗಲ್ಲು ಹಾಕಿದರು. ಈ ಹೊಸ ಚರ್ಚು ಎರಡು ಅಡಿಪಾಯಗಳ ಮೇಲೆ ಭದ್ರವಾಗಿ ನಿಲ್ಲುತ್ತದೆ, ಒಂದು ದೇವರ ಕರುಣೆ, ಇನ್ನೊಂದು ಮನುಷ್ಯರ ಕೃತಜ್ಞತೆ ಎಂದು ಅವರು ಅಂದು ಹೇಳಿದರು. ಮುಂದೆ ಮೈಸೂರಿನ ಬಿಷಪ್ ಆದ ರೆನೆ ಫ್ಯೂಗಾ ಅವರ ಮೇಲ್ವಿಚಾರಣೆಯಲ್ಲಿ ಕೆಲಸ ಮುಗಿಯಿತು.

ಕಟ್ಟಡದ ವಯಸ್ಸು ಕೇಳಿದವರಿಗೆ ನಾನು ಹೇಳುವುದು ಈ ಅಡಿಗಲ್ಲಿನ ದಿನವನ್ನೇ. ಮುಗಿದ ವರ್ಷ ಒಂದು ಕಡೆ 1936 ಎಂದಿರುತ್ತದೆ, ಇನ್ನೊಂದು ಕಡೆ 1941 ಎಂದಿರುತ್ತದೆ. ಇಷ್ಟು ದೊಡ್ಡ ಚರ್ಚ್ ಒಂದೇ ದಿನ ಮುಗಿಯುವುದಿಲ್ಲ. ಗೋಡೆ ಏಳುವುದು ಒಂದು, ಪೂಜೆ ಶುರುವಾಗುವುದು ಇನ್ನೊಂದು, ಒಳಗಿನ ಅಲಂಕಾರ ಮುಗಿಯುವುದು ಮತ್ತೊಂದು. ಅಡಿಗಲ್ಲಿಗೆ ಮಾತ್ರ ಒಂದೇ ದಿನ.

ಇನ್ನೊಂದು ವಿಷಯವನ್ನೂ ತಪ್ಪದೆ ಹೇಳುತ್ತೇನೆ. ಕಟ್ಟಲು ಶುರುಮಾಡಿದಾಗ ಇದು ಬಿಷಪ್ ಅವರ ಪ್ರಧಾನಾಲಯ, ಅಂದರೆ ಅವರ ಪೀಠ ಇರುವ ಮುಖ್ಯ ಚರ್ಚ್, ಆಗಿರಲಿಲ್ಲ. ಆಗ ಮೈಸೂರು ಧರ್ಮಪ್ರಾಂತ್ಯದ (ಒಬ್ಬ ಬಿಷಪ್ ನೋಡಿಕೊಳ್ಳುವ ಚರ್ಚುಗಳ ಪ್ರದೇಶ) ಬಿಷಪ್ ಇರುತ್ತಿದ್ದದ್ದು ಬೆಂಗಳೂರಿನಲ್ಲಿ. 1940ರಲ್ಲಿ ಬೆಂಗಳೂರು ಬೇರೆ ಧರ್ಮಪ್ರಾಂತ್ಯ ಆದಮೇಲೆ ಬಿಷಪ್ ಅವರ ಪೀಠ ಮೈಸೂರಿಗೆ ಬಂತು. ಅಂದರೆ ಈ ಗೋಪುರಗಳನ್ನು ಇಷ್ಟು ಎತ್ತರಕ್ಕೆ ಏರಿಸುವ ಕೆಲಸಕ್ಕೆ ಕೈಹಾಕಿದ್ದು ಬಿಷಪ್ ಪೀಠವೂ ಇಲ್ಲದ, ಬರೀ ಒಂದು ಊರಿನ ಚರ್ಚ್. ಆ ಧೈರ್ಯ ನನಗೆ ಇವತ್ತಿಗೂ ದೊಡ್ಡದಾಗಿ ಕಾಣುತ್ತದೆ.

ಎತ್ತರ ಎಂದೆನಲ್ಲ, ಗೋಪುರಗಳು 175 ಅಡಿ. ಸುಮ್ನೆ ಸಂಖ್ಯೆ ಹೇಳಿದರೆ ಯಾರಿಗೂ ತಲೆಯಲ್ಲಿ ಉಳಿಯುವುದಿಲ್ಲ. ಅದಕ್ಕೆ ಅರಮನೆ ನೋಡಿ ಬಂದವರಿಗೆ ಅಲ್ಲಿನ ನಡುಗೋಪುರವನ್ನು ನೆನಪಿಸುತ್ತೇನೆ. ಅದು 145 ಅಡಿ. ತನ್ನ ಅರಮನೆಗಿಂತ 30 ಅಡಿ ಎತ್ತರದ ಕಟ್ಟಡಕ್ಕೆ ಅರಸರೇ ಬಂದು ಅಡಿಗಲ್ಲು ಹಾಕಿದರು. ಇದನ್ನು ಹೇಳಿದಾಗ ಎಲ್ಲರೂ ಮತ್ತೊಮ್ಮೆ ತಲೆಯೆತ್ತಿ ನೋಡುತ್ತಾರೆ.

ಈಗ ಕಲೋನ್ ಸರದಿ. ಆ ಚರ್ಚಿನ ಕೆಲಸ ಶುರುವಾದದ್ದು 1248ರಲ್ಲಿ. 16ನೇ ಶತಮಾನದಲ್ಲಿ ಕೆಲಸ ನಿಂತುಹೋಯಿತು. ಅರ್ಧಕ್ಕೆ ನಿಂತ ಗೋಪುರ ನೂರಾರು ವರ್ಷ ಹಾಗೇ ಇತ್ತು. 1842ರಲ್ಲಿ ಮತ್ತೆ ಶುರುಮಾಡಿ 1880ರಲ್ಲಿ ಮುಗಿಸಿದರು. ಈ ವರ್ಷಗಳನ್ನು ಮೈಸೂರಿನ ವರ್ಷಗಳ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ನಿಂತ ಕೆಲಸ ಮತ್ತೆ ಶುರುವಾದ ಮರುವರ್ಷವೇ ಇಲ್ಲಿ ಮುಮ್ಮಡಿಯವರ ಚರ್ಚು. ಇಲ್ಲಿ ಅಡಿಗಲ್ಲು ಹಾಕುವಾಗ ಅಲ್ಲಿನ ಜೋಡಿ ಗೋಪುರ ಮುಗಿದು ಬರೀ 53 ವರ್ಷ ಆಗಿತ್ತು. ಫ್ರಾನ್ಸಿನವರಾದ ಡಾಲಿ ಎಂಬುವರು ನಮ್ಮ ಚರ್ಚಿನ ವಿನ್ಯಾಸ ಮಾಡಿದಾಗ ಅವರ ಮುಂದಿದ್ದದ್ದು ಯುರೋಪು ಆಗಷ್ಟೇ ಮುಗಿಸಿದ್ದ, ಎಲ್ಲರೂ ಬೆರಗಾಗಿದ್ದ ಒಂದು ಕಟ್ಟಡ. ಕಲೋನಿನ ಗೋಪುರ 157 ಮೀಟರ್. ನಮ್ಮದು ಅದರ ಮೂರರಲ್ಲಿ ಒಂದು ಭಾಗ. ಅಷ್ಟು ಚಿಕ್ಕದು ಮಾಡಿದರೂ ಆಕಾಶಕ್ಕೆ ಏರಿದ ಹಾಗೆ ಕಾಣುವಂತೆ ಉಳಿಸಿಕೊಂಡಿದ್ದಾರೆ. ನನ್ನ ಮಟ್ಟಿಗೆ ಡಾಲಿಯವರ ಕೈಚಳಕ ಇರುವುದು ಅಲ್ಲಿ.

ಮೈಸೂರಿಗೆ ಹೀಗೆ ಹೊರಗಿನಿಂದ ತಂದು ತನ್ನದಾಗಿಸಿಕೊಳ್ಳುವುದು ಹೊಸದಲ್ಲ. 1897ರಲ್ಲಿ ಹಳೆ ಮರದ ಅರಮನೆ ಸುಟ್ಟುಹೋದ ಮೇಲೆ ಹೊಸದರ ನಕ್ಷೆ ಮಾಡಿದವರು ಹೆನ್ರಿ ಇರ್ವಿನ್. ಲಲಿತಮಹಲಿನ ಗುಮ್ಮಟ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚನ್ನು ನೆನಪಿಸುತ್ತದೆ. ಅರಸರ ಅತಿಥಿಗೃಹಕ್ಕೆ ಲಂಡನ್ನಿನ ಚರ್ಚು, ಜನರ ಚರ್ಚಿಗೆ ಕಲೋನು. ಎರಡೂ ನಾಲ್ವಡಿಯವರ ಕಾಲದವು.

ಒಳಗೆ ಹೋಗುವ ಮುಂಚೆ ಒಂದು ಚಿಕ್ಕ ಆಟ ಆಡಿಸುತ್ತೇನೆ. ಈ ಚರ್ಚಿನ ಕಟ್ಟಡ ಶೈಲಿಯ ಹೆಸರು ಗೋಥಿಕ್. ಗೋಥಿಕ್ ಎಂದರೆ ಚೂಪು ಕಮಾನು ಎಂದು ಎಲ್ಲರಿಗೂ ಗೊತ್ತು. ಯಾಕೆ ಚೂಪು ಎಂದು ಕೇಳಿದರೆ ಅಂದಕ್ಕೆ ಎನ್ನುತ್ತಾರೆ. ಇಬ್ಬರನ್ನು ಎದುರುಬದುರು ನಿಲ್ಲಿಸಿ, ಅಂಗೈಗೆ ಅಂಗೈ ಒತ್ತಿ ಒಬ್ಬರ ಮೇಲೊಬ್ಬರು ವಾಲಲು ಹೇಳುತ್ತೇನೆ. ಕಾಲು ದೂರ ಇಟ್ಟು ತುಂಬಾ ವಾಲಿದರೆ ಕಾಲು ಹಿಂದಕ್ಕೆ ಜಾರುತ್ತದೆ. ಹತ್ತಿರ ನಿಂತು ಸ್ವಲ್ಪವೇ ವಾಲಿದರೆ ಭಾರ ನೇರ ಕೆಳಗಿಳಿಯುತ್ತದೆ. ಅರ್ಧಚಂದ್ರದ ಕಮಾನಿಗೂ ಚೂಪು ಕಮಾನಿಗೂ ಇರುವ ವ್ಯತ್ಯಾಸ ಇದೇ. ಚೂಪು ಕಮಾನು ಪಕ್ಕಕ್ಕೆ ಕಡಿಮೆ ತಳ್ಳುತ್ತದೆ. ಇನ್ನು ಜಾರುವ ಕಾಲಿನ ಹಿಂದೆ ಮೂರನೆಯವರು ತಮ್ಮ ಕಾಲನ್ನು ಅಡ್ಡ ಇಟ್ಟರೆ, ಅದೇ ಗೋಡೆಯ ಹೊರಗೆ ಕಾಣುವ ಆನಿಕೆ ಗೋಡೆ. ಮಕ್ಕಳಿದ್ದರಂತೂ ಇದನ್ನು ಮತ್ತೆ ಮತ್ತೆ ಮಾಡುತ್ತಾರೆ.

ಇದು ಅರ್ಥವಾದರೆ ಒಳಗಿನದೆಲ್ಲ ತಾನಾಗೇ ಬಿಡಿಸಿಕೊಳ್ಳುತ್ತದೆ. ಭಾರ ಕಮಾನುಗಳಿಂದ ಕಂಬಗಳಿಗೆ ಇಳಿದರೆ, ಗೋಡೆ ಹೊರಬೇಕಾದ ಭಾರ ಕಡಿಮೆಯಾಯಿತು. ಹಾಗಾದರೆ ಗೋಡೆಯನ್ನು ತೆರೆದು ದೊಡ್ಡ ಕಿಟಕಿ ಇಡಬಹುದು. ಆ ಕಿಟಕಿಗಳಿಗೆ ಫ್ರಾನ್ಸಿನಿಂದ ಬಣ್ಣದ ಗಾಜು ಬಂತು. ಯೇಸುವಿನ ಜನನ, ಕಡೆಯ ಭೋಜನ, ಶಿಲುಬೆಯ ಮರಣ, ಪುನರುತ್ಥಾನ, ಸ್ವರ್ಗಾರೋಹಣ ಎಲ್ಲ ಆ ಗಾಜಿನಲ್ಲಿವೆ. ಗಾಜುಗಳ ಹತ್ತಿರ ನಾನು ಮಾತು ಕಡಿಮೆ ಮಾಡುತ್ತೇನೆ. ಯಾವ ಚಿತ್ರದಲ್ಲಿ ಏನಿದೆ ಎಂದು ಬಂದವರೇ ಹುಡುಕಲಿ. ಮೋಡ ಇರುವ ದಿನ ನೋಡಿದವರಿಗೆ ಬಿಸಿಲಿನ ದಿನ ಇನ್ನೊಮ್ಮೆ ಬನ್ನಿ ಎನ್ನುತ್ತೇನೆ. ಆ ಕೆಂಪು, ನೀಲಿಗಳ ಹೊಳಪು ಬಿಸಿಲಿನಲ್ಲೇ ಬೇರೆ.

ಚರ್ಚಿನ ನೆಲದ ನಕ್ಷೆ ಶಿಲುಬೆಯ ಆಕಾರ. ಇದನ್ನು ಬಾಯಲ್ಲಿ ಹೇಳುವ ಬದಲು ನಡೆಸಿ ತೋರಿಸುತ್ತೇನೆ. ಬಾಗಿಲಿನಿಂದ ಉದ್ದಕ್ಕೆ ನಡೆದು ಬಂದರೆ ಶಿಲುಬೆಯ ಕಂಬ. ಸುಮಾರು 800 ಜನ ಕೂರುವ ಜಾಗ ಇದು. ಎಡಕ್ಕೂ ಬಲಕ್ಕೂ ಚಾಚಿದ್ದು ತೋಳು. ಎರಡೂ ಸೇರುವಲ್ಲಿ ನಿಂತು ನೋಡಿದರೆ ಮುಂದೆ ಬಲಿಪೀಠ, ಗುರುಗಳು ಪೂಜೆ ನಡೆಸುವ ಜಾಗ. ಯಾರಾದರೂ ಪ್ರಾರ್ಥನೆ ಮಾಡುತ್ತಿದ್ದರೆ ಈ ಭಾಗವನ್ನು ಹೊರಗೇ, ನೆಲದ ಮೇಲೆ ಗೆರೆ ಎಳೆದು ಮುಗಿಸಿಬಿಡುತ್ತೇನೆ. ಪ್ರಾರ್ಥನೆಗೆ ಕೂತವರ ಮುಂದೆ ಗುಂಪು ಕಟ್ಟಿಕೊಂಡು ಓಡಾಡುವುದು ನನಗೆ ಆಗದು.

ಬಲಿಪೀಠದ ಕೆಳಗೆ ನೆಲಮಾಳಿಗೆ ಇದೆ. ಅಲ್ಲಿ ಮಲಗಿದ ಭಂಗಿಯಲ್ಲಿ ಸಂತ ಫಿಲೋಮಿನಾ ಅವರ ಪ್ರತಿಮೆ ಇದೆ. ಅಲ್ಲಿ ಇಳಿಯುವ ಮೊದಲು ಆಕೆಯ ಕಥೆ ಹೇಳಬೇಕು. ಇಲ್ಲದಿದ್ದರೆ ಜನ ಬಗ್ಗಿ ನೋಡಿ ಮುಂದೆ ಹೋಗುತ್ತಾರೆ. 1802ರ ಮೇ ತಿಂಗಳಲ್ಲಿ ರೋಮಿನ ಪ್ರಿಶಿಲ್ಲಾ ಎಂಬ ನೆಲದಡಿಯ ಸಮಾಧಿ ಸ್ಥಳದಲ್ಲಿ ಒಂದು ಗೋರಿಯ ಗೂಡು ಸಿಕ್ಕಿತು. ಅದನ್ನು ಮೂರು ಸುಟ್ಟಮಣ್ಣಿನ ಹಂಚುಗಳಿಂದ ಮುಚ್ಚಿದ್ದರು. ಹಂಚುಗಳ ಮೇಲೆ ಲಂಗರು, ಬಾಣ, ತಾಳೆಗರಿಯ ಗುರುತುಗಳಿದ್ದವು. ಅಕ್ಷರಗಳೂ ಇದ್ದವು. ಒಳಗೆ ಒಬ್ಬ ಎಳೆಯ ಹುಡುಗಿಯ ಮೂಳೆಗಳು. ನಾನು ಮೂರು ರಟ್ಟಿನ ತುಂಡುಗಳಲ್ಲಿ ಆ ಅಕ್ಷರಗಳನ್ನು ಬರೆದುಕೊಂಡು ಹೋಗುತ್ತೇನೆ: ‘ಲುಮೆನಾ’, ‘ಪಾಕ್ಸ್ ತೆ’, ‘ಕುಮ್ ಫಿ’. ಸಿಕ್ಕಿದ್ದು ಈ ಕ್ರಮದಲ್ಲಿ. ಓದಿದರೆ ಏನೂ ಆಗುವುದಿಲ್ಲ. ಮೊದಲನೆಯದನ್ನು ಕೊನೆಗಿಡಿ ಎನ್ನುತ್ತೇನೆ. ‘ಪಾಕ್ಸ್ ತೆಕುಮ್ ಫಿಲುಮೆನಾ’. ಫಿಲುಮೆನಾ, ನಿನಗೆ ಶಾಂತಿ ಇರಲಿ. ಮಕ್ಕಳು ತಾವೇ ಜೋಡಿಸಿ ಓದಿದ ಮೇಲೆ ಆ ಹುಡುಗಿಯ ಹೆಸರನ್ನು ಮರೆಯುವುದಿಲ್ಲ.

1805ರಲ್ಲಿ ಆ ಮೂಳೆಗಳನ್ನು ಇಟಲಿಯ ಮುಗ್ನಾನೋ ಊರಿಗೆ ಕೊಂಡೊಯ್ದರು. ಅಲ್ಲಿಂದ ಭಕ್ತಿ ಹಬ್ಬಿತು. ಫ್ರಾನ್ಸಿನ ಆರ್ಸ್ ಎಂಬ ಹಳ್ಳಿಯ ಗುರು ಸಂತ ಜಾನ್ ವಿಯಾನ್ನಿ ಆಕೆಯ ಮೇಲೆ ಅಪಾರ ಪ್ರೀತಿ ಇಟ್ಟಿದ್ದರು. ಮೈಸೂರಿನ ಧರ್ಮಪ್ರಾಂತ್ಯವನ್ನು ಆ ಕಾಲದಲ್ಲಿ ನಡೆಸುತ್ತಿದ್ದವರು ಪ್ಯಾರಿಸ್ಸಿನ ಮಿಷನರಿಗಳು. ಫ್ರಾನ್ಸಿನಲ್ಲಿ ಮನೆಮಾತಾಗಿದ್ದ ಈ ಸಂತಳಿಗೆ ಫ್ರೆಂಚ್ ಗುರುಗಳು ಇಲ್ಲಿ ಚರ್ಚ್ ಬಯಸಿದ್ದು ಸಹಜವೇ.

ಇಲ್ಲಿಗೆ ಬಂದಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ಈ ಸಂತಳನ್ನು ರೋಮ್ ಕೈಬಿಟ್ಟಿತಂತಲ್ಲ? ನಾನು ಈ ಪ್ರಶ್ನೆಯನ್ನು ಜಾರಿಸುವುದಿಲ್ಲ. 1961ರಲ್ಲಿ ಆಕೆಯ ಹಬ್ಬವನ್ನು ಪೂಜಾ ಪಂಚಾಂಗದಿಂದ ತೆಗೆದರು. ಗೋರಿ, ಹಂಚು, ಮೂಳೆಗಳನ್ನು ಬಿಟ್ಟರೆ ಆಕೆಯ ಬದುಕಿನ ಬಗ್ಗೆ ಚರಿತ್ರೆಯ ಆಧಾರ ತುಂಬಾ ಕಡಿಮೆ ಎಂಬುದೇ ಅದರ ಹಿನ್ನೆಲೆ. ಆಕೆಗೆ ಪ್ರಾರ್ಥಿಸಬೇಡಿ ಎಂದು ಯಾರೂ ಹೇಳಲಿಲ್ಲ. ಈ ಪ್ರಧಾನಾಲಯದ ಪೂರ್ತಿ ಹೆಸರಿನಲ್ಲಿ ಸಂತ ಜೋಸೆಫ್, ಸಂತ ಫಿಲೋಮಿನಾ ಇಬ್ಬರೂ ಇದ್ದಾರೆ. ಊರಿನವರ ಬಾಯಲ್ಲಿ ಉಳಿದದ್ದು ಮಾತ್ರ ಫಿಲೋಮಿನಾ. ಆಟೊದವರಿಗೆ ಬೇರೆ ಹೆಸರು ಹೇಳಿದರೆ ದಾರಿ ತಿಳಿಯದು. ನೆಲಮಾಳಿಗೆಯಲ್ಲಿ ಕೈಮುಗಿದು ನಿಂತವರಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. ಅವರನ್ನು ನೋಡಿದ ಮೇಲೆ ನಾನು ಬೇರೆ ಉತ್ತರ ಕೊಡಬೇಕಾಗಿಲ್ಲ.

ನಿಮ್ಮೂರಿನ ಚರ್ಚನ್ನು ಹೀಗೆ ತೋರಿಸುವ ಆಸೆ ಇದ್ದರೆ ಮೊದಲು ಅಲ್ಲಿನ ಗುರುಗಳನ್ನು ಕಂಡು ಒಪ್ಪಿಗೆ ಪಡೆಯಿರಿ. ಅಡಿಗಲ್ಲು, ಗಂಟೆ, ಸಮಾಧಿ ಕಲ್ಲುಗಳ ಮೇಲೆ ಬರೆದಿರುವುದನ್ನು ಇದ್ದಹಾಗೆ ಬರೆದುಕೊಳ್ಳಿ. ಜ್ಞಾನಸ್ನಾನದ ದಾಖಲೆ ಪುಸ್ತಕ ನೋಡಲು ಬಿಟ್ಟರೆ ಅದು ಭಾಗ್ಯ. ಊರಿಗೆ ಯಾರು ಯಾವಾಗ ಬಂದರು ಎಂಬುದು ಅಲ್ಲಿ ಸಿಗುತ್ತದೆ. ವಾಸ್ತುಶೈಲಿಯ ಹೆಸರುಗಳನ್ನು ಆಮೇಲೆ ಕಲಿತರೂ ನಡೆಯುತ್ತದೆ. ಭಾನುವಾರ ಗುಂಪು ಕರೆದುಕೊಂಡು ಹೋಗಬೇಡಿ, ಅಂದು ಪೂಜೆಗಳ ಮಧ್ಯೆ ಬಿಡುವಿರುವುದಿಲ್ಲ. ಫೋಟೊ ವಿಷಯದಲ್ಲಿ ಅಲ್ಲಿನ ನಿಯಮವನ್ನು ಹೊರಗೇ ಎಲ್ಲರಿಗೂ ಹೇಳಿಬಿಡಿ, ಒಳಗೆ ಹೋದ ಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ. ಮೈಸೂರಿಗೆ ಬರುವವರು ವಾರದ ದಿನ ಬೆಳಿಗ್ಗೆ ಬನ್ನಿ. ಬೆಳಗಿನ ಪೂಜೆ ಮುಗಿದಿರುತ್ತದೆ, ಪ್ರವಾಸಿ ಬಸ್ಸುಗಳು ಇನ್ನೂ ಬಂದಿರುವುದಿಲ್ಲ.